ಲೋಯಾಂಗ್ ನಗರದ ಹೂವಿನ ಕಡತ

ಹೂವಿನಿಂದ ಊರಿಗೆ, ಊರಿನಿಂದ ಹೂವಿಗೆ ಹೆಸರು ಬರುವುದು ಕನ್ನಡಿಗರಾದ ನಮಗೆ ಹೊಸದಲ್ಲ. ಮೈಸೂರು ಮಲ್ಲಿಗೆ ಎಂದರೆ ಮೈಸೂರನ್ನು ಕಾಣದವರಿಗೂ ಅದರ ಕಂಪು ನೆನಪಾಗುತ್ತದೆ. ಶಂಕರಪುರದ ಮಲ್ಲಿಗೆಯಿಲ್ಲದೆ ಉಡುಪಿ ಸೀಮೆಯ ಮದುವೆಗೆ ಕಳೆಯೇರುವುದಿಲ್ಲ. ಚೀನಾ ದೇಶದಲ್ಲಿ ಹೀಗೆ ಹೂವಿನೊಡನೆ ಹೆಸರು ಬೆಸೆದುಕೊಂಡ ಊರು ಲೋಯಾಂಗ್. ಆ ಹೂವು ಇಂಗ್ಲಿಷರು ಪಿಯೋನಿ ಎಂದೂ ಚೀನೀಯರು ಮುದಾನ್ ಎಂದೂ ಕರೆಯುವ ದೊಡ್ಡ, ದಟ್ಟ ಎಸಳಿನ ಹೂವು. ಲೋಯಾಂಗಿನ ಜನ ಬೇರೆ ಹೂಗಳನ್ನು ಅವುಗಳ ಹೆಸರು ಹಿಡಿದು ಕರೆಯುತ್ತಿದ್ದರಂತೆ. ಮುದಾನನ್ನು ಮಾತ್ರ ಬರಿದೆ 'ಹೂವು' ಎನ್ನುತ್ತಿದ್ದರಂತೆ. ಈ ಮಾತನ್ನು ನಮಗೆ ತಿಳಿಸಿದವನು ಕವಿಯೂ ಹೌದು, ಇತಿಹಾಸಕಾರನೂ ಹೌದು. ಆದರೆ ಅದನ್ನು ಕಂಡು ಕೇಳಿ ತಿಳಿದ ಕಾಲಕ್ಕೆ ಆತ ಲೋಯಾಂಗಿನ ಸರ್ಕಾರಿ ಕಚೇರಿಯೊಂದರಲ್ಲಿ ಕಿರಿಯ ನೌಕರ. ಆ ನೌಕರನ ಬರಹದ ಕಥೆಯೇ ಈ ಲೇಖನದ ವಸ್ತು.

ಮೊದಲು ಗಿಡದ ಪರಿಚಯ ಮಾಡಿಕೊಳ್ಳೋಣ. ಪಿಯೋನಿಗಳಲ್ಲಿ ಮುಖ್ಯವಾಗಿ ಎರಡು ಬಗೆ. ಒಂದು, ಚಳಿಗಾಲದಲ್ಲಿ ನೆಲದ ಮೇಲಿನ ಭಾಗವೆಲ್ಲ ಒಣಗಿ, ವಸಂತದಲ್ಲಿ ಗೆಡ್ಡೆಬೇರಿನ ಕಣ್ಣುಗಳಿಂದ ಮತ್ತೆ ಚಿಗುರುವ ಮೆತುಕಾಂಡದ ಗಿಡ. ಇನ್ನೊಂದು, ಎಲೆ ಉದುರಿಸಿ ಕಟ್ಟಿಗೆಯ ರೆಂಬೆಗಳನ್ನು ಉಳಿಸಿಕೊಳ್ಳುವ ಪೊದೆ. ಲೋಯಾಂಗಿನ ಮುದಾನ್ ಈ ಎರಡನೆಯ ಬಗೆಯದು. ಎರಡಕ್ಕೂ ಒಂದು ಹಟ ಸಮಾನ: ಕೆಲವು ವಾರಗಳ ಕಾಲ ಒಳ್ಳೆಯ ಚಳಿ ಕೊರೆಯದಿದ್ದರೆ ಮೊಗ್ಗಿನ ನಿದ್ದೆ ಹರಿಯುವುದಿಲ್ಲ. ಆದ್ದರಿಂದಲೇ ಬೆಂಗಳೂರಿನಲ್ಲಾಗಲಿ ಮುಂಬಯಿಯಲ್ಲಾಗಲಿ ಈ ಗಿಡವನ್ನು ತಂದು ನೆಟ್ಟವರಿಗೆ ನಿರಾಸೆಯೇ ಗತಿ. ಚೀನಾದಲ್ಲಿಯೇ ಸೆಕೆಯೂರಾದ ಕ್ಯಾಂಟನ್‌ಗೆ ಪ್ರತಿ ಚಳಿಗಾಲದಲ್ಲೂ ಉತ್ತರದಿಂದ ಹೊಸ ಗಿಡಗಳನ್ನು ಸಾಗಿಸಿ ಮಾರುತ್ತಿದ್ದರು.

ಈ ಹಟದ ಬಗ್ಗೆ ಚೀನೀಯರಲ್ಲಿ ಒಂದು ದಂತಕಥೆಯಿದೆ. ಕ್ರಿ.ಶ. 690ರಿಂದ 705ರವರೆಗೆ ಚೀನಾವನ್ನು ಆಳಿದ ಸಾಮ್ರಾಜ್ಞಿ ವೂ ಒಮ್ಮೆ ನಡುಚಳಿಗಾಲದಲ್ಲಿ ತನ್ನ ಉದ್ಯಾನದ ಹೂಗಳೆಲ್ಲ ಬೆಳಗಾಗುವುದರೊಳಗೆ ಅರಳಬೇಕೆಂದು ಅಪ್ಪಣೆ ಮಾಡಿದಳಂತೆ. ಹೆದರಿದ ಹೂಗಳೆಲ್ಲ ಅರಳಿದವು. ಮುದಾನ್ ಮಾತ್ರ ಅರಳಲಿಲ್ಲ. ಸಿಟ್ಟಾದ ರಾಣಿ ಅದನ್ನು ರಾಜಧಾನಿ ಚಾಂಗಾನ್‌ನಿಂದ ಲೋಯಾಂಗಿಗೆ ಗಡೀಪಾರು ಮಾಡಿದಳು; ಅಲ್ಲಿ ಅದು ಮೊದಲಿಗಿಂತ ಸೊಗಸಾಗಿ ಅರಳಿತು. ಕಥೆ ಕಥೆಯೇ. ಆದರೆ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಓದಿದ ನಮ್ಮಂಥವರಿಗೆ ಇದರೊಳಗೆ ಒಬ್ಬ ತೋಟಗಾರನ ಅನುಭವ ಕಾಣುತ್ತದೆ. ಚಳಿಯ ಲೆಕ್ಕ ಪೂರ್ತಿಯಾಗದೆ ಈ ಮೊಗ್ಗು ಯಾರ ಹುಕುಂಗೂ ಮಣಿಯುವುದಿಲ್ಲ.

ವೂ ರಾಣಿಯ ಅನಂತರ ತಾಂಗ್ ವಂಶದ ಚಾಂಗಾನ್‌ನಲ್ಲಿ ಮುದಾನಿನ ಹುಚ್ಚು ಏರಿತು. ಶ್ರೀಮಂತರು ಒಂದೊಂದು ಗಿಡಕ್ಕೆ ಸುರಿಯುತ್ತಿದ್ದ ಹಣವನ್ನು ನೋಡಿ, ತೆರಿಗೆ ಕಟ್ಟಿ ಬಡವಾಗುತ್ತಿದ್ದ ರೈತನ ಪರವಾಗಿ ಬಾಯ್ ಜ್ಯೂಯಿ ಎಂಬ ಕವಿ ಕಟುವಾಗಿ ಬರೆದ. 907ರಲ್ಲಿ ತಾಂಗ್ ವಂಶ ಅಳಿಯಿತು. ಮುಂದೆ ಸುಂಗ್ ವಂಶದವರು ರಾಜಧಾನಿಯನ್ನು ಕೈಫೆಂಗ್‌ನಲ್ಲಿ ಮಾಡಿಕೊಂಡರು. ಲೋಯಾಂಗ್ ಉಪರಾಜಧಾನಿಯಾಗಿ, ನಿವೃತ್ತ ಮಂತ್ರಿಗಳ, ತೋಟಗಳ ಊರಾಗಿ ಉಳಿಯಿತು. ಹೂವು ಅಲ್ಲಿ ತನ್ನ ಉಚ್ಛ್ರಾಯವನ್ನು ಕಂಡಿತು.

1031ರಲ್ಲಿ ಓಯಾಂಗ್ ಷಿಯು ಎಂಬ 24 ವರ್ಷದ ತರುಣ ಲೋಯಾಂಗಿನ ಕಚೇರಿಗೆ ಬಂದು ಸೇರಿದ. ಮುಂದೆ ಚೀನಾದ ಮಹಾ ಗದ್ಯಕಾರರಲ್ಲಿ ಒಬ್ಬನಾದವನು ಈತ. ಆಗ ಕೇವಲ ಕೈಕೆಳಗಿನ ಅಧಿಕಾರಿ. ಒಂದು ದಿನ ಮೇಲಧಿಕಾರಿ ಚಿಯೆನ್ ವೆಯ್‌ಯೆನ್‌ನನ್ನು ಕಾಣಲು ಹೋದಾಗ ಆತನ ಆಸನದ ಹಿಂದೆ ಒಂದು ಪುಟ್ಟ ತಡಿಕೆ. ಅದರ ತುಂಬ ಸಣ್ಣ ಅಕ್ಷರದ ಬರಹ. "ಹೂಗಳ ಒಂದು ಪಟ್ಟಿ ಮಾಡಬೇಕೆಂದಿದ್ದೇನೆ, ಇವು ಮುದಾನಿನ ಹೆಸರುಗಳು" ಎಂಬರ್ಥದ ಮಾತನ್ನು ಸಾಹೇಬರು ಹೇಳಿದರು. 90ಕ್ಕೂ ಹೆಚ್ಚು ಹೆಸರುಗಳಿದ್ದವು. ಅಂದು ಓದಲು ಪುರಸೊತ್ತಾಗಲಿಲ್ಲವೆಂದು ಓಯಾಂಗ್ ಬರೆಯುತ್ತಾನೆ. ಸಾಹೇಬರು ಮಾಡಬೇಕೆಂದುಕೊಂಡದ್ದನ್ನು ಕೊನೆಗೆ ಕೈಕೆಳಗಿನವನು ಮಾಡಿ ಮುಗಿಸಿದ್ದು ನಮ್ಮ ಕಚೇರಿಗಳಲ್ಲಿ ದುಡಿಯುವ ವಾಚಕರಿಗೆ ಅಪರಿಚಿತ ಸಂಗತಿಯಾಗಲಾರದು. 1034ರಲ್ಲಿ ಆತ 'ಲೋಯಾಂಗಿನ ಮುದಾನ್ ವೃತ್ತಾಂತ' ಎಂಬ ಚಿಕ್ಕ ಪುಸ್ತಕ ಬರೆದ. ಅದರಲ್ಲಿ ಮೂರು ಭಾಗ: 24 ತಳಿಗಳ ಶ್ರೇಣಿ, ಆ ಹೆಸರುಗಳು ಬಂದ ಬಗೆ, ಕೊನೆಗೆ ಊರಿನ ರೂಢಿ ಮತ್ತು ಕೃಷಿಕ್ರಮ.

ಇದರಲ್ಲಿ ಮನಸ್ಸು ಕಲಕುವ ಮಾತೊಂದಿದೆ. ಓಯಾಂಗ್ ಲೋಯಾಂಗಿನಲ್ಲಿ ಕಂಡದ್ದು ನಾಲ್ಕು ವಸಂತ. ಮೊದಲ ವರ್ಷ ಬಂದದ್ದೇ ತಡ. ಹಿಂದುಳಿದ ಹೂಗಳಷ್ಟೇ ಸಿಕ್ಕವು. ಎರಡನೆಯ ವರ್ಷ ಗೆಳೆಯನೊಡನೆ ಬೆಟ್ಟಗಳ ಯಾತ್ರೆಗೆ ಹೋಗಿ ಮರಳುವಷ್ಟರಲ್ಲಿ ಹೂವು ಮುಗಿದಿತ್ತು. ಮೂರನೆಯ ವರ್ಷ ಹೆಂಡತಿ ತೀರಿಕೊಂಡ ದುಃಖ. ನಾಲ್ಕನೆಯ ವರ್ಷ ಅವಧಿ ಮುಗಿದು ಊರು ಬಿಡುವಾಗ ಮುಂಚಿತವಾಗಿ ಅರಳಿದ ಕೆಲವನ್ನಷ್ಟೇ ಕಂಡ. ತುಂಬು ಹೂವಿನ ಕಾಲವನ್ನು ತಾನು ಒಮ್ಮೆಯೂ ನೋಡಲಿಲ್ಲವೆಂದು ಆತನೇ ದಾಖಲಿಸಿದ್ದಾನೆ. ತಾನು ಕಂಡಷ್ಟರ ಜೊತೆಗೆ ಮಾಲಿಗಳು ಬಲ್ಲದ್ದನ್ನೂ ಬರೆದಿಟ್ಟ; ಅದೇ ಉಪಕಾರವಾಯಿತು.

ಆ ಕೃಷಿಕ್ರಮವನ್ನು ಸ್ವಲ್ಪ ನೋಡೋಣ. ಕಸಿ ಮಾಡದೆ ಒಳ್ಳೆಯ ಹೂವಿಲ್ಲ ಎಂಬುದು ಲೋಯಾಂಗಿನ ಮೊದಲ ಸೂತ್ರ. ವಸಂತದ ಆರಂಭದಲ್ಲಿ ಬೆಟ್ಟದಿಂದ ಕಾಡುಗಿಡ ತಂದು ಪಾತಿಯಲ್ಲಿ ನೆಟ್ಟು, ಶರತ್ಕಾಲದಲ್ಲಿ ನೆಲದಿಂದ ಐದೇಳು ಅಂಗುಲ ಮೇಲೆ ಕತ್ತರಿಸಿ ಕಸಿಕಟ್ಟಬೇಕು. ಜೋಡಿಸಿದ ಕಡೆ ಕೆಸರು ಮೆತ್ತಿ, ಮೃದುವಾದ ಮಣ್ಣು ಏರಿಸಿ, ಗಾಳಿ ಬಿಸಿಲು ತಾಗದಂತೆ ಎಲೆಯ ಗುಡಿಸಲು ಹೊದಿಸಿ, ಉಸಿರಾಟಕ್ಕೆ ದಕ್ಷಿಣ ದಿಕ್ಕಿಗೆ ಒಂದು ಪುಟ್ಟ ಬಾಗಿಲು ಬಿಡಬೇಕು. ನೆಡುವ ಜಾಗದ ಹಳೆಯ ಮಣ್ಣನ್ನೆಲ್ಲ ತೆಗೆದು, ಹೊಸ ನುಣ್ಣನೆಯ ಮಣ್ಣಿಗೆ ದ್ರಾಕ್ಷಿಯ ಕುಲದ ಬಳ್ಳಿಯೊಂದರ ಬೇರಿನ ಪುಡಿ ಬೆರೆಸಬೇಕು. ಮುದಾನಿನ ಬೇರು ಸಿಹಿ, ಹುಳು ಬೀಳುತ್ತದೆ. ನೀರು ಹೊಯ್ಯುವುದು ಸೂರ್ಯ ಹುಟ್ಟುವ ಮುನ್ನ ಅಥವಾ ಪಡುವಣಕ್ಕೆ ಇಳಿದ ಮೇಲೆ. ಚೀನೀ ಪಂಚಾಂಗದ ಒಂಬತ್ತನೆಯ ತಿಂಗಳಲ್ಲಿ ಹತ್ತು ದಿನಕ್ಕೊಮ್ಮೆ, ಮೊದಲ ತಿಂಗಳಲ್ಲಿ ದಿನ ಬಿಟ್ಟು ದಿನ, ಎರಡನೆಯ ತಿಂಗಳಲ್ಲಿ ಪ್ರತಿದಿನ. ಒಂದು ಗಿಡದಲ್ಲಿ ಹಲವು ಮೊಗ್ಗು ಬಂದರೆ ಸಣ್ಣವನ್ನು ಚಿವುಟಿ ಒಂದೆರಡನ್ನು ಉಳಿಸಬೇಕು. ಹೂವು ಉದುರಿದೊಡನೆ ಕಾಯಿ ಕಟ್ಟದಂತೆ ಕತ್ತರಿಸಬೇಕು. ಹೂವಿನ ಗಾತ್ರ ವರ್ಷದಿಂದ ವರ್ಷಕ್ಕೆ ಇಳಿದರೆ ಕಾಂಡಕೊರಕ ಹೊಕ್ಕಿದೆಯೆಂದು ತಿಳಿದು, ತೂತು ಹುಡುಕಿ ಗಂಧಕ ತುಂಬಬೇಕು. ನಮ್ಮ ಗ್ರಂಧಿಗೆ ಅಂಗಡಿಯಲ್ಲಿ ಸಮುದ್ರದ ನೊರೆ ಎಂದು ಮಾರುವ ಮೀನೆಲುಬನ್ನು ಕಾಂಡಕ್ಕೆ ಚುಚ್ಚಿದರೆ ಗಿಡ ಸಾಯುತ್ತದೆ ಎಂಬ ಎಚ್ಚರಿಕೆಯೂ ಇದೆ.

ಇವುಗಳಲ್ಲಿ ಬಹುಪಾಲು ಇಂದಿನ ಶಾಸ್ತ್ರಕ್ಕೂ ಒಪ್ಪಿಗೆ. ಪಿಯೋನಿ ಹೊಸ ಬೇರು ಬಿಡುವುದು ಶರತ್ಕಾಲದಲ್ಲಿ; ಇಂದಿಗೂ ನೆಡುವುದಕ್ಕೂ ಕಸಿಗೂ ಅದೇ ಕಾಲ. ಬೀಜದಿಂದ ಬೆಳೆಸಿದ ಗಿಡ ತಾಯಿಯ ಗುಣ ಉಳಿಸುವುದಿಲ್ಲ. ಬೀಜಕ್ಕೆ ಬೇರು ಬಿಡಲು ಬೆಚ್ಚಗಿನ ಕಾಲ, ಮೊಳಕೆ ಮೇಲೇಳಲು ಅದರ ಹಿಂದೆಯೇ ಚಳಿಗಾಲ ಬೇಕು. ಹೂವು ಕಾಣಲು ನಾಲ್ಕಾರು ವರ್ಷ ಕಾಯಬೇಕು. ಇಂದಿನವರು ಸೇರಿಸಿರುವುದು ಆಳದ ಲೆಕ್ಕ: ಮೆತುಕಾಂಡದ ಪಿಯೋನಿಯ ಕಣ್ಣುಗಳು ಮಣ್ಣಿನೊಳಗೆ 5 ಸೆಂಟಿಮೀಟರಿಗಿಂತ ಕೆಳಗೆ ಹೋದರೆ ಎಲೆ ಬರುತ್ತದೆ, ಹೂವು ಬರುವುದಿಲ್ಲ. ಕಸಿಯ ಮುದಾನನ್ನಾದರೋ ಜೋಡಣೆಯ ಜಾಗ 10ರಿಂದ 15 ಸೆಂಟಿಮೀಟರ್ ಆಳದಲ್ಲಿರುವಂತೆ ನೆಡಬೇಕು. ಆಗ ಕಸಿಕೊಂಬೆ ತನ್ನದೇ ಬೇರು ಬಿಡುತ್ತದೆ. ಮೊಗ್ಗಿನ ಮೇಲೆ ಇರುವೆ ಹತ್ತಿದರೆ ಗಾಬರಿ ಬೇಡ. ಅವು ಬರುವುದು ಸಿಹಿರಸಕ್ಕೆ. ಇರುವೆಯಿಲ್ಲದೆ ಮೊಗ್ಗು ಬಿಚ್ಚದೆಂಬ ನಂಬಿಕೆಗೆ ಆಧಾರವಿಲ್ಲ.

ಹೂವಿನ ಜೊತೆಗೆ ವ್ಯಾಪಾರವನ್ನೂ ಓಯಾಂಗ್ ಮರೆಯಲಿಲ್ಲ. ಯಾವ್ ಎಂಬ ಮನೆತನದ ಹಳದಿ ಮುದಾನ್ ಎಲ್ಲಕ್ಕೂ ಮೇಲು. ಅದರ ಒಂದು ಕಸಿಗೆ 5000 ಕಾಸು. ಶರತ್ಕಾಲದಲ್ಲಿ ಕರಾರುಪತ್ರ, ವಸಂತದಲ್ಲಿ ಹೂವು ಕಂಡ ಮೇಲೆಯೇ ಹಣ ಪಾವತಿ. ಎರಡನೆಯ ಸ್ಥಾನ ಮಂತ್ರಿ ವೆಯ್ ಮನೆತನದ ಕೆಂಪು ಹೂವಿಗೆ. ಅದನ್ನು ಮೊದಲು ಬೆಟ್ಟದಲ್ಲಿ ಕಂಡು ಕಡಿದು ತಂದು ಮಾರಿದವನು ಒಬ್ಬ ಸೌದೆಯವನು. ಅದು ಹೊಸದಾಗಿ ಅರಳಿದಾಗ ನೋಡಬಂದವರು ಹತ್ತಾರು ಕಾಸು ಕೊಟ್ಟು ದೋಣಿ ಹತ್ತಿ ಕೊಳ ದಾಟಬೇಕಿತ್ತಂತೆ. ಓಯಾಂಗ್ ಬರೆಯುವ ಹೊತ್ತಿಗೆ ವೆಯ್ ಮನೆತನ ದಿವಾಳಿಯಾಗಿ, ತೋಟ ಮಾರಿಹೋಗಿ, ಅಲ್ಲಿ ಸನ್ಯಾಸಿಗಳು ಹಿಪ್ಪುನೇರಳೆಯನ್ನೂ ಗೋಧಿಯನ್ನೂ ಬೆಳೆಯುತ್ತಿದ್ದರು. ಚಕ್ರವರ್ತಿಗೆ ವರ್ಷಕ್ಕೆ ನಾಲ್ಕಾರು ಹೂವು ಕಾಣಿಕೆ: ಬಿದಿರಿನ ಬುಟ್ಟಿಗೆ ತರಕಾರಿ ಎಲೆ ತುಂಬಿ, ತೊಟ್ಟಿಗೆ ಮೇಣ ಮೆತ್ತಿ, ಅಂಚೆಕುದುರೆಯ ಮೇಲೆ ಒಂದು ಹಗಲು ಒಂದು ರಾತ್ರಿಯಲ್ಲಿ ಕೈಫೆಂಗ್‌ಗೆ ಮುಟ್ಟಿಸುತ್ತಿದ್ದರು.

ಇನ್ನೊಂದು ಸಂಗತಿಯನ್ನು ವಾಚಕರು ಗಮನಿಸಬೇಕು. ಲೋಯಾಂಗಿನವರಿಗೆ ತಮ್ಮ ಹೂವು ಹೊರಗೆ ಹೋಗುವುದು ಇಷ್ಟವಿರಲಿಲ್ಲ. ಅಧಿಕಾರಸ್ಥರು ಕಸಿಕೊಂಬೆ ಕೇಳಿದರೆ ಇಲ್ಲವೆನ್ನಲಾಗದೆ, ಬಿಸಿನೀರಿನಲ್ಲಿ ಅದ್ದಿ ಜೀವ ತೆಗೆದು ಕೊಡುವವರೂ ಇದ್ದರಂತೆ! ಕೊಟ್ಟಂತೆಯೂ ಆಯಿತು, ಕೊಡದಂತೆಯೂ ಆಯಿತು. ಆದರೆ ಹೀಗೆ ಬಚ್ಚಿಟ್ಟ ಹೂವನ್ನು ಊರು ಉಳಿಸಿಕೊಂಡಿತೆ? 1127ರಲ್ಲಿ ಜುರ್ಚೆನ್ ದಾಳಿಯಿಂದ ಉತ್ತರ ಚೀನಾ ಸುಂಗ್ ವಂಶದ ಕೈತಪ್ಪಿತು. ಲೋಯಾಂಗಿನ ಹಿರಿಮೆ ಮುಗಿಯಿತು. 1178ರಲ್ಲಿ ಲು ಯೂ ಎಂಬ ಕವಿ ಮುದಾನಿನ ಬಗ್ಗೆ ಮತ್ತೊಂದು ಪುಸ್ತಕ ಬರೆದಾಗ ಅದು ಲೋಯಾಂಗಿನದ್ದಲ್ಲ, ದೂರದ ಸಿಚುವಾನ್ ಪ್ರಾಂತದ ತಿಯೆನ್‌ಪೆಂಗಿನದು. ಮುಂದೆ ಹೂವು ಪೂರ್ವಕ್ಕೆ ಶಾನ್‌ಡಾಂಗ್ ಪ್ರಾಂತದ ತ್ಸಾವ್‌ಚೌ ಕಡೆ ಹಬ್ಬಿತು. ಹಾಗೆಂದು ಕೊಟ್ಟವರು ಕಳೆದುಕೊಂಡರು ಎನ್ನುವಂತಿಲ್ಲ. ತನ್ನೂರಿನಲ್ಲಿ ಕುಂದಿದ ಕಾಲದಲ್ಲಿಯೂ ಮುದಾನ್ ಉಳಿದದ್ದು ಬೇರೆ ಊರುಗಳಲ್ಲಿ ಬೇರೂರಿದ್ದರಿಂದ. ಲೋಯಾಂಗ್ 1982ರಲ್ಲಿ ಮುದಾನನ್ನು ನಗರದ ಹೂವೆಂದು ಸಾರಿ, 1983ರಿಂದ ವಸಂತೋತ್ಸವ ನಡೆಸತೊಡಗಿತು. ಯಾವ್ ಹಳದಿ, ವೆಯ್ ಕೆಂಪು ಎಂದು ಓಯಾಂಗ್ ಬರೆದಿಟ್ಟ ಮನೆತನಗಳ ಹೆಸರು ಇಂದಿಗೂ ತಳಿಗಳ ಪಟ್ಟಿಯಲ್ಲಿವೆ.

ಯುರೋಪಿಗೆ ಮುದಾನ್ ತಲುಪಿದ್ದು ತಡವಾಗಿ. ಜೋಸೆಫ್ ಬ್ಯಾಂಕ್ಸ್ 1787ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ವೈದ್ಯರೊಬ್ಬರ ಮೂಲಕ ಕ್ಯಾಂಟನ್‌ನಿಂದ ಲಂಡನ್ನಿನ ಕ್ಯೂ ತೋಟಕ್ಕೆ ತರಿಸಿದ. 1843ರಲ್ಲಿ ಚೀನಾಕ್ಕೆ ಹೋದ ರಾಬರ್ಟ್ ಫಾರ್ಚೂನ್ ಶಾಂಘೈ ಕಡೆಯ ರೈತರು ಮೆತುಕಾಂಡದ ಪಿಯೋನಿಯ ಬೇರಿಗೆ ಮುದಾನ್ ಕಸಿಮಾಡುವುದನ್ನು ಕಂಡು ಬರೆದ. ಇಪ್ಪತ್ತನೆಯ ಶತಮಾನದಲ್ಲಿ ಜಪಾನಿನ ತೋಯಿಚಿ ಇತೊ ಈ ಎರಡು ಬಗೆಗಳ ನಡುವೆಯೇ ಸಂಕರ ಮಾಡಲು ಹೊರಟ. ಎಷ್ಟೋ ಪ್ರಯತ್ನಗಳ ನಂತರ 1948ರಲ್ಲಿ ಬೀಜ ದೊರೆತವು. ಸಸಿಗಳು ಹೂಬಿಡುವ ಮೊದಲೇ, 1956ರಲ್ಲಿ, ಇತೊ ತೀರಿಕೊಂಡ. ಮನೆಯವರು ಸಸಿಗಳನ್ನು ಕಾಪಾಡಿದರು. 1960ರ ದಶಕದಲ್ಲಿ ಹಳದಿ ಹೂವು ಅರಳಿತು. ಅಮೆರಿಕದ ಲೂಯಿ ಸ್ಮಿರ್ನೊ ಅವುಗಳಲ್ಲಿ ನಾಲ್ಕನ್ನು 1974ರಲ್ಲಿ ನೋಂದಾಯಿಸಿದ. ಇಂದು ಆ ಗುಂಪಿಗೇ ಇತೊ ಪಿಯೋನಿ ಎಂದು ಹೆಸರು.

ದೆಹಲಿಯಲ್ಲಿರುವ ನಮಗೆ ಇದೆಲ್ಲ ಪರದೇಶದ ಕಥೆಯೆನಿಸಬಹುದು. ಆದರೆ ಪಿಯೋನಿಯ ಒಂದು ಜಾತಿ ನಮ್ಮ ದೇಶದ್ದೇ. ಕಾಶ್ಮೀರ, ಹಿಮಾಚಲ, ಉತ್ತರಾಖಂಡದ ಕಾಡಿನಂಚಿನಲ್ಲಿ ಬಿಳಿಯ ಬಿಡಿ ಎಸಳಿನ ಹೂವು ಬಿಡುವ ಇದಕ್ಕೆ ಸಸ್ಯಶಾಸ್ತ್ರದಲ್ಲಿ ಪಿಯೋನಿಯ ಎಮೋಡಿ ಎಂದು ಹೆಸರು. ಎಮೋಡಿ ಎಂದರೆ ಪ್ರಾಚೀನ ಗ್ರೀಕರು ಹಿಮಾಲಯಕ್ಕೆ ಇಟ್ಟ ಹೆಸರಿನ ರೂಪ. ಬೆಟ್ಟದವರು ಮಾಮೇಖ್ ಎನ್ನುತ್ತಾರೆ. ಯುನಾನಿ ವೈದ್ಯರು ಊದ್ ಸಲೀಬ್ ಎಂದು ಮೂರ್ಛೆರೋಗಕ್ಕೆ ಬಳಸುವುದು ಪಿಯೋನಿಯ ಬೇರನ್ನೇ. ಔಷಧಕ್ಕೆ ಬೇರನ್ನು ಅಗೆಯುವುದರಿಂದ ಹಲವೆಡೆ ಎಮೋಡಿ ವಿರಳವಾಗುತ್ತಿದೆ. ಬೇರು ಕಿತ್ತರೆ ಗಿಡವೇ ಹೋಯಿತು. ಮತ್ತೆ ಬೀಜದಿಂದ ಹೂವಿನವರೆಗೆ ವರ್ಷಗಳ ಕಾಯುವಿಕೆ.

ಬೇಸಿಗೆಯ ಮೊದಲಲ್ಲಿ ಬೆಟ್ಟಕ್ಕೆ ಹೋಗುವ ಸಂಘದ ಸದಸ್ಯರು ಈ ಹೂವನ್ನು ಕಂಡರೆ, ಗೆಡ್ಡೆ ಕಿತ್ತು ತರದೆ ನೋಡಿ ಬರಲಿ. ಬಯಲಿನಲ್ಲಿ ಅದು ಹೂಬಿಡುವುದಿಲ್ಲವೆಂದು ಜೊತೆಯವರಿಗೂ ತಿಳಿಸಲಿ. ಸಾಧ್ಯವಾದರೆ, ಅದನ್ನು ಬಲ್ಲ ಹಳ್ಳಿಯವರನ್ನು ಕೇಳಿ, ಎಲ್ಲಿ ಬೆಳೆಯುತ್ತದೆ, ಯಾವಾಗ ಅರಳುತ್ತದೆ, ಹೇಗೆ ಉಳಿಸುತ್ತಾರೆ ಎಂಬುದನ್ನು ನಾಲ್ಕು ಸಾಲು ಬರೆದುಕೊಂಡು ಬರಲಿ. ಓಯಾಂಗ್ ಮಾಡಿದ್ದೂ ಅಷ್ಟೇ ಕೆಲಸ.