ಹಳೆಯ ಡೀಸೆಲ್ ಪಿಕಪ್: ಎಂಜಿನ್ ಬಿಚ್ಚಿಸುವ ಮುನ್ನ ಏನು ನೋಡಬೇಕು? ಯಾವ ರಿಪೇರಿಗೆ ಹಣ ಹಾಕಬಹುದು?

ನವಿ ಮುಂಬೈನ ವಾಶಿ, ಚೆನ್ನೈನ ಕೋಯಂಬೇಡು, ದೆಹಲಿಯ ಆಜಾದ್‌ಪುರ, ಹೀಗೆ ಯಾವ ಮಾರುಕಟ್ಟೆಗೆ ಹೋದರೂ ಬೆಳಗಿನ ಜಾವ ಪಿಕಪ್‌ಗಳ ಸಾಲು ಕಾಣುತ್ತದೆ. ಮಹೀಂದ್ರಾ ಬೊಲೆರೊ ಪಿಕಪ್, ಟಾಟಾ 207 ಡಿಐನಂತಹ ಹತ್ತು ವರ್ಷ ದಾಟಿದ ಗಾಡಿಗಳನ್ನೇ ನಂಬಿಕೊಂಡ ಸಣ್ಣ ವ್ಯಾಪಾರಿಗಳಿದ್ದಾರೆ. ಸಾಲ ತೀರಿದೆ, ದುಡಿದದ್ದು ಕೈಗೆ ಬರುತ್ತದೆ. ಆದರೆ ಒಂದು ದಿನ ಹೊಗೆ ಹೆಚ್ಚಾಗುತ್ತದೆ, ಏರು ರಸ್ತೆಯಲ್ಲಿ ಗಾಡಿ ಎಳೆಯುವುದಿಲ್ಲ. ಗ್ಯಾರೇಜಿಗೆ ಹೋದರೆ ಬರುವ ಉತ್ತರ: 'ಎಂಜಿನ್ ಕೆಲಸ ಇದೆ'.

ಈ ಮಾತಿಗೆ ತಕ್ಷಣ ಒಪ್ಪಬೇಕಿಲ್ಲ. ಏರ್ ಫಿಲ್ಟರ್ ಕಟ್ಟಿಕೊಂಡರೂ ಗಾಡಿ ಎಳೆಯುವುದಿಲ್ಲ, ಪಿಸ್ಟನ್ ರಿಂಗ್ ಸವೆದರೂ ಎಳೆಯುವುದಿಲ್ಲ. ಮೊದಲನೆಯದು ಕೆಲವು ನೂರು ರೂಪಾಯಿಯ ಕೆಲಸ, ಎರಡನೆಯದು ತಿಂಗಳ ದುಡಿಮೆಯನ್ನೇ ನುಂಗುವಂಥದ್ದು.

ಹೊಗೆಯ ಬಣ್ಣ ಏನು ಹೇಳುತ್ತದೆ?

ಕಪ್ಪು ಹೊಗೆ ಎಂದರೆ ಡೀಸೆಲ್ ಹೆಚ್ಚು, ಗಾಳಿ ಕಡಿಮೆ. ಮೊದಲು ಏರ್ ಫಿಲ್ಟರ್, ಟರ್ಬೊ ಇದ್ದರೆ ಅದರ ರಬ್ಬರ್ ಪೈಪ್ ಬಿರುಕು ಬಿಟ್ಟಿದೆಯೇ ನೋಡಬೇಕು. ಆಮೇಲೆ ಇಂಜೆಕ್ಟರ್ ನಾಝಲ್. ಡೀಸೆಲನ್ನು ಮಂಜಿನಂತೆ ಸಿಂಪಡಿಸಬೇಕಾದ ನಾಝಲ್ ಹನಿ ಹನಿಯಾಗಿ ಸುರಿಸಿದರೂ ಹೊಗೆ ಕಪ್ಪಾಗುತ್ತದೆ.

ನೀಲಿ ಹೊಗೆ ಎಂದರೆ ಎಂಜಿನ್ ಆಯಿಲ್ ಉರಿಯುತ್ತಿದೆ. ರಿಂಗ್, ವಾಲ್ವ್ ಗೈಡ್ ಅಥವಾ ಟರ್ಬೊ ಸೀಲ್ ಸವೆದಿರುವ ಸಾಧ್ಯತೆ ಇದೆ. ಟರ್ಬೊ ಒಂದರಲ್ಲೇ ದೋಷವಿದ್ದರೆ ಇಡೀ ಎಂಜಿನ್ ಬಿಚ್ಚುವ ಅಗತ್ಯವಿಲ್ಲ.

ಚಳಿಯ ಬೆಳಿಗ್ಗೆ ಎರಡು ನಿಮಿಷ ಬಿಳಿ ಹೊಗೆ ಬಂದು ನಿಂತರೆ ಅಷ್ಟು ಚಿಂತೆ ಬೇಡ. ಹೀಟರ್ ಪ್ಲಗ್ ಇರುವ ಮಾದರಿಯಾದರೆ ಅದನ್ನು ಪರೀಕ್ಷಿಸಿದರೆ ಸಾಕು. ಎಂಜಿನ್ ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದೆ, ರೇಡಿಯೇಟರ್ ನೀರೂ ಕಡಿಮೆಯಾಗುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಹೋಗಿರಬಹುದು. ಹೀಗಾದರೆ ಮಾತ್ರ ಗಾಡಿ ಓಡಿಸುವುದನ್ನು ಅಲ್ಲೇ ನಿಲ್ಲಿಸಬೇಕು.

ರಿಂಗ್ ಸವೆದಿದೆಯೇ ಎಂದು ತಿಳಿಯಲು ಹಳೆಯ ಮೆಕ್ಯಾನಿಕ್‌ಗಳು ಒಂದು ಉಪಾಯ ಮಾಡುತ್ತಾರೆ. ಎಂಜಿನ್ ಐಡಲ್‌ನಲ್ಲಿದ್ದಾಗ ಆಯಿಲ್ ಹಾಕುವ ಮುಚ್ಚಳವನ್ನು ಬಿಚ್ಚಿ, ಅದೇ ಬಾಯಿಯ ಮೇಲೆ ತಲೆಕೆಳಗಾಗಿ ಇಡುತ್ತಾರೆ. ಮುಚ್ಚಳ ಕುಣಿದು ಹಾರಿಬಿದ್ದು, ಒಳಗಿಂದ ಹೊಗೆ ನುಗ್ಗಿದರೆ ರಿಂಗ್ ದಾಟಿ ಗಾಳಿ ಕೆಳಗಿಳಿಯುತ್ತಿದೆ ಎಂದರ್ಥ. ಇದು ಅಂದಾಜು ಮಾತ್ರ. ಕಂಪ್ರೆಷನ್ ಟೆಸ್ಟ್ ಮಾಡಿ ನಾಲ್ಕೂ ಸಿಲಿಂಡರ್‌ಗಳ ಅಂಕಿಯನ್ನು ಬರೆದು ತೋರಿಸುವಂತೆ ಕೇಳುವುದು ಮಾಲೀಕರ ಹಕ್ಕು. ಟೆಸ್ಟ್ ಮಾಡದೆಯೇ ಬೋರಿಂಗ್ ಮಾತೆತ್ತುವ ಗ್ಯಾರೇಜಿನಿಂದ ಗಾಡಿ ವಾಪಸ್ ತರುವುದೇ ಮೇಲು.

ಪಂಪ್‌ಗೆ ಇನ್ನೂ 'ಮೈಕೊ' ಹೆಸರು

ಹಳೆಯ ಮಾದರಿಗಳಲ್ಲಿ ಡೀಸೆಲ್ ತಳ್ಳುವುದು ಯಾಂತ್ರಿಕ ಪಂಪ್. ಗ್ಯಾರೇಜುಗಳಲ್ಲಿ ಅದಕ್ಕೆ ಇಂದಿಗೂ 'ಮೈಕೊ ಪಂಪ್' ಎನ್ನುವವರಿದ್ದಾರೆ. 1951ರಲ್ಲಿ ಆರಂಭವಾದ ಮೋಟಾರ್ ಇಂಡಸ್ಟ್ರೀಸ್ ಕಂಪನಿಯ ಹೆಸರಿನ ಸಂಕ್ಷಿಪ್ತ ರೂಪವೇ ಮೈಕೊ. ಬೆಂಗಳೂರಿನ ಆಡುಗೋಡಿಯಲ್ಲಿ ಕಾರ್ಖಾನೆ ಹೊಂದಿದ್ದ ಕಂಪನಿ 2008ರಲ್ಲಿ ಬಾಷ್ ಲಿಮಿಟೆಡ್ ಎಂದು ಹೆಸರು ಬದಲಿಸಿಕೊಂಡಿತು. ಬೆಂಗಳೂರಿನ ಮೈಕೊ ಲೇಔಟ್‌ಗೂ ಇದೇ ಹೆಸರು.

ಈ ಪಂಪ್‌ಗೆ ದೊಡ್ಡ ಶತ್ರು ನೀರು ಮತ್ತು ಕಸ. ಡೀಸೆಲ್ ಫಿಲ್ಟರ್ ಕೆಳಗಿರುವ ತಿರುಪು ಸಡಿಲಿಸಿ ನೀರು ಹೊರಬಿಡುವುದು ಐದು ನಿಮಿಷದ ಕೆಲಸ. ಮಳೆಗಾಲದಲ್ಲಿ ವಾರಕ್ಕೊಮ್ಮೆ ಮಾಡಿದರೂ ತಪ್ಪಿಲ್ಲ. ಟ್ಯಾಂಕ್ ಪೂರ್ತಿ ಖಾಲಿಯಾಗುವವರೆಗೆ ಓಡಿಸುವುದೂ ಒಳ್ಳೆಯದಲ್ಲ. ತಳದ ಕೆಸರು ಫಿಲ್ಟರ್‌ಗೆ ಬರುತ್ತದೆ, ಲೈನ್‌ಗೆ ಗಾಳಿ ಸೇರುತ್ತದೆ.

ಗಾಳಿ ಸೇರಿ ನಿಂತ ಗಾಡಿಯಲ್ಲಿ ಫಿಲ್ಟರ್ ಮೇಲಿನ ಏರ್ ಸ್ಕ್ರೂ ಸಡಿಲಿಸಿ, ಗುಳ್ಳೆ ನಿಲ್ಲುವವರೆಗೆ ಹ್ಯಾಂಡ್ ಪಂಪ್ ಒತ್ತಬೇಕು. ಯಾಂತ್ರಿಕ ಪಂಪ್ ಇರುವ ಗಾಡಿಯಲ್ಲಿ ಬೇಕಿದ್ದರೆ ಇಂಜೆಕ್ಟರ್ ಪೈಪ್‌ನ ನಟ್ ಸಡಿಲಿಸಿ ಸೆಲ್ಫ್ ಹೊಡೆಯುವುದುಂಟು. ಕಾಮನ್ ರೈಲ್ ಎಂಜಿನ್‌ನಲ್ಲಿ ಇದನ್ನು ಖಂಡಿತ ಮಾಡಬಾರದು. ಅಲ್ಲಿ ಒತ್ತಡ 1,000 ಬಾರ್ ದಾಟುತ್ತದೆ, ಡೀಸೆಲ್ ಚರ್ಮ ಸೀಳಿಕೊಂಡು ಒಳಹೋಗಬಹುದು. ಹಾಗೇನಾದರೂ ಆದರೆ ಗಾಯ ಚಿಕ್ಕದಾಗಿ ಕಂಡರೂ ನೇರ ಆಸ್ಪತ್ರೆಗೆ ಹೋಗಬೇಕು.

ಥರ್ಮೋಸ್ಟಾಟ್ ಕಿತ್ತೆಸೆದಿದ್ದಾರೆಯೇ?

ಗಾಡಿ ಬಿಸಿಯಾಗುತ್ತದೆ ಎಂದರೆ ಥರ್ಮೋಸ್ಟಾಟ್ ವಾಲ್ವ್ ತೆಗೆದುಹಾಕಿ ಕಳಿಸುವ ರೂಢಿ ನಮ್ಮಲ್ಲಿ ಬಹಳ. ಆ ಹೊತ್ತಿಗೆ ಸಮಸ್ಯೆ ಬಗೆಹರಿದಂತೆ ಕಾಣುತ್ತದೆ. ಆದರೆ ಎಂಜಿನ್ ಬೇಕಾದಷ್ಟು ಬಿಸಿಯಾಗುವುದೇ ಇಲ್ಲ. ಡೀಸೆಲ್ ಹೆಚ್ಚು ಕುಡಿಯುತ್ತದೆ, ಸಿಲಿಂಡರ್ ಬೇಗ ಸವೆಯುತ್ತದೆ. ಬಿಸಿಯಾಗಲು ಇದ್ದ ಮೂಲ ಕಾರಣವೂ ಹಾಗೇ ಉಳಿಯುತ್ತದೆ.

ಮೂಲ ಕಾರಣ ಹೆಚ್ಚಾಗಿ ರೇಡಿಯೇಟರ್ ಒಳಗೆ ಕಟ್ಟಿದ ಸುಣ್ಣ, ಒತ್ತಡ ಹಿಡಿಯದ ರೇಡಿಯೇಟರ್ ಮುಚ್ಚಳ, ಜಾರುವ ಫ್ಯಾನ್ ಬೆಲ್ಟ್ ಅಥವಾ ಸೋರುವ ವಾಟರ್ ಪಂಪ್. ಬೋರ್‌ವೆಲ್ ನೀರು ಸುರಿಯುವುದು ಈ ಸುಣ್ಣಕ್ಕೆ ನೇರ ದಾರಿ. ಕೂಲಂಟ್ ಕೇವಲ ತಂಪಿಗಲ್ಲ, ತುಕ್ಕು ತಡೆಯುವುದೂ ಅದೇ. ಬಿಸಿ ಎಂಜಿನ್‌ನ ಮುಚ್ಚಳ ಮಾತ್ರ ತೆಗೆಯಬಾರದು.

ಬ್ರೇಕ್ ಗಟ್ಟಿಯಾದರೆ

ಡೀಸೆಲ್ ಎಂಜಿನ್‌ನಲ್ಲಿ ಪೆಟ್ರೋಲ್ ಗಾಡಿಯಂತೆ ತಾನಾಗಿ ವ್ಯಾಕ್ಯೂಮ್ ಸಿಗುವುದಿಲ್ಲ. ಅದಕ್ಕಾಗಿಯೇ ಬೇರೆ ವ್ಯಾಕ್ಯೂಮ್ ಪಂಪ್ ಇರುತ್ತದೆ. ಅನೇಕ ಮಾದರಿಗಳಲ್ಲಿ ಇದನ್ನು ಆಲ್ಟರ್ನೇಟರ್ ಹಿಂಭಾಗಕ್ಕೆ ಜೋಡಿಸಿರುತ್ತಾರೆ. ಪೆಡಲ್ ಕಲ್ಲಿನಂತೆ ಗಟ್ಟಿಯಾದರೆ ಮೊದಲು ಈ ಪಂಪ್, ಅದರ ಹೋಸ್ ನೋಡಬೇಕು. ಪೆಡಲ್ ಮೆತ್ತಗೆ ಕೆಳಗಿಳಿದರೆ ಬ್ರೇಕ್ ಆಯಿಲ್ ಸೋರಿಕೆ, ಹಿಂದಿನ ಚಕ್ರದ ಸಿಲಿಂಡರ್ ಕಡೆ ಗಮನ ಕೊಡಬೇಕು. ಎಂಜಿನ್ ಕೆಲಸ ಒಂದು ತಿಂಗಳು ಮುಂದೆ ಹೋದರೂ ನಡೆಯುತ್ತದೆ, ಇದನ್ನು ಮುಂದೂಡುವಂತಿಲ್ಲ.

ತುಕ್ಕಿನ ವಿಷಯವೂ ಅಷ್ಟೇ. ಮಲ್ಪೆ, ಮಂಗಳೂರಿನಿಂದ ಮೀನು ಸಾಗಿಸುವ ಗಾಡಿಗಳು, ಮುಂಬೈ-ಚೆನ್ನೈ ಕಡಲ ಬದಿಯ ಗಾಡಿಗಳಲ್ಲಿ ಉಪ್ಪುನೀರು ಷಾಸಿಯನ್ನೂ ಬ್ರೇಕ್ ಪೈಪನ್ನೂ ತಿನ್ನುತ್ತದೆ. ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ಹೊಸ ಪೇಂಟ್ ನೋಡಿ ಮರುಳಾಗದೆ ಅಡಿಗೆ ಹೋಗಿ ಸುತ್ತಿಗೆಯಿಂದ ತಟ್ಟಿ ನೋಡಿ. ಟಣ್ ಎನ್ನಬೇಕಾದ ಕಡೆ ಮಂದ ಸದ್ದು ಬಂದರೆ ಒಳಗೆ ಪೊಳ್ಳಾಗಿದೆ.

ಉಳಿದಂತೆ ಆಯಿಲ್, ಫಿಲ್ಟರ್ ಬದಲಾವಣೆ, ಪ್ರೊಪೆಲ್ಲರ್ ಶಾಫ್ಟ್ ಕ್ರಾಸ್‌ಗಳಿಗೆ ಗ್ರೀಸ್, ಯು-ಬೋಲ್ಟ್ ಬಿಗಿ ಮಾಡುವುದು ಕಂಪನಿ ಪುಸ್ತಕದಲ್ಲಿರುವಂತೆ ನಡೆದರೆ ಸಾಕು. ಹೊಸ ಆಯಿಲ್ ಬೇಗ ಕಪ್ಪಾಯಿತೆಂದು ಗಾಬರಿ ಬೇಡ, ಡೀಸೆಲ್ ಎಂಜಿನ್‌ನಲ್ಲಿ ಅದು ಸಹಜ. ಆದರೆ ಡಿಪ್‌ಸ್ಟಿಕ್‌ನಲ್ಲಿ ಮಟ್ಟ ಏರುತ್ತಾ ಹೋದರೆ ಆಯಿಲ್‌ಗೆ ಡೀಸೆಲ್ ಅಥವಾ ನೀರು ಸೇರುತ್ತಿದೆ ಎಂದೇ ತಿಳಿಯಬೇಕು.

ಎಂಜಿನ್ ಬಿಚ್ಚಲೇಬೇಕಾದರೆ

ಬೋರಿಂಗ್, ಕ್ರ್ಯಾಂಕ್ ಗ್ರೈಂಡಿಂಗ್, ಹೆಡ್ ಫೇಸಿಂಗ್ ಇವೆಲ್ಲ ಲೇತ್ ಅಂಗಡಿಯ ಕೆಲಸ. ಎಷ್ಟು ಅಳತೆ ತೆಗೆದಿದ್ದಾರೆ ಎಂಬುದನ್ನು ಬಿಲ್‌ನಲ್ಲಿ ಬರೆಸಿಕೊಳ್ಳಿ. ಕ್ರ್ಯಾಂಕ್ ಬೇರಿಂಗ್ ಸಾಮಾನ್ಯವಾಗಿ 0.25 ಮಿ.ಮೀ, 0.50 ಮಿ.ಮೀ ಹಂತಗಳಲ್ಲಿ ಸಿಗುತ್ತದೆ, ಮುಂದಿನ ಸಲ ಈ ಲೆಕ್ಕ ಬೇಕಾಗುತ್ತದೆ. ಬಿಚ್ಚಿದ ಹಳೆಯ ಭಾಗಗಳನ್ನು ಕೇಳಿ ಪಡೆಯುವುದೂ ಒಳ್ಳೆಯ ಅಭ್ಯಾಸ.

ಬಿಡಿಭಾಗಗಳಿಗೆ ಮುಂಬೈನ ಕುರ್ಲಾ ಸಿಎಸ್‌ಟಿ ರಸ್ತೆ, ದೆಹಲಿಯ ಕಶ್ಮೀರಿ ಗೇಟ್, ಚೆನ್ನೈನ ಪುದುಪೇಟೆ, ಬೆಂಗಳೂರಿನ ಜೆ.ಸಿ. ರಸ್ತೆ ಹೆಸರಾದ ಜಾಗಗಳು. ಬಾಗಿಲು, ಗೇರ್‌ಬಾಕ್ಸ್ ಹೌಸಿಂಗ್‌ನಂಥವು ಹಳೆಯದಾದರೂ ನಡೆಯುತ್ತದೆ. ಬ್ರೇಕ್ ಲೈನರ್, ಫಿಲ್ಟರ್, ಬೇರಿಂಗ್, ನಾಝಲ್ ಮಾತ್ರ ಬಿಲ್ ಸಹಿತ ಹೊಸದೇ ಇರಲಿ.

ಅಪ್‌ಗ್ರೇಡ್: ಯಾವುದು ಸರಿ, ಯಾವುದಕ್ಕೆ ದಂಡ?

ಹೆಡ್‌ಲೈಟ್‌ಗೆ ರಿಲೇ ಹಾಕಿಸಿ ವೈರಿಂಗ್ ಸರಿಪಡಿಸುವುದು, ಒಳ್ಳೆಯ ಟೈರ್, ಹೊಸ ಶಾಕ್ ಅಬ್ಸಾರ್ಬರ್, ಬೆನ್ನಿಗೆ ಆಸರೆಯಾಗುವ ಸೀಟ್. ಹಳೆಯ ಪಿಕಪ್‌ಗೆ ಹಣ ಹಾಕಲು ಯೋಗ್ಯವಾದವು ಇವು.

'ಪಂಪ್ ಜಾಸ್ತಿ' ಮಾಡಿಸಿ ಪಿಕಪ್ ಎಳೆತ ಹೆಚ್ಚಿಸುವ ಆಸೆ ಬೇಡ. ಹೆಚ್ಚುವರಿ ಡೀಸೆಲ್ ಕಪ್ಪು ಹೊಗೆಯಾಗಿ ಹೊರಬರುತ್ತದೆ, ಎಂಜಿನ್ ಮಿತಿಮೀರಿ ಬಿಸಿಯಾಗುತ್ತದೆ, ಹೊಗೆ ತಪಾಸಣೆಯಲ್ಲೂ ಗಾಡಿ ಫೇಲ್. ಡೀಸೆಲ್ ಹೊಗೆಯ ಮಿತಿ ಬಿಎಸ್-4ಕ್ಕಿಂತ ಹಳೆಯ ಗಾಡಿಗಳಿಗೆ 2.45, ಬಿಎಸ್-4ಕ್ಕೆ 1.62. ಪಿಯುಸಿ ಇಲ್ಲದಿದ್ದರೆ 10,000 ರೂಪಾಯಿವರೆಗೆ ದಂಡವಿದೆ.

ಲೀಫ್ ಸ್ಪ್ರಿಂಗ್‌ಗೆ ಹೆಚ್ಚುವರಿ ಪಟ್ಟಿ ಹಾಕಿಸಿದ ಮಾತ್ರಕ್ಕೆ ಆರ್‌ಸಿಯಲ್ಲಿನ ಭಾರದ ಮಿತಿ ಏರುವುದಿಲ್ಲ. ಓವರ್‌ಲೋಡ್‌ಗೆ 20,000 ರೂಪಾಯಿ, ಮೇಲೆ ಪ್ರತಿ ಹೆಚ್ಚುವರಿ ಟನ್‌ಗೆ 2,000 ರೂಪಾಯಿ ದಂಡ. ಆರ್‌ಸಿಯಲ್ಲಿ ನಮೂದಾದ ವಿವರ ಬದಲಾಗುವಂತೆ ಗಾಡಿ ಮಾರ್ಪಡಿಸುವುದಕ್ಕೆ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52 ನಿರ್ಬಂಧ ಹೇರುತ್ತದೆ. ಬೇರೆ ಎಂಜಿನ್ ಕೂರಿಸುವುದಾದರೆ ಆರ್‌ಟಿಒ ಅನುಮತಿ ಮೊದಲು, ಕೆಲಸ ಆಮೇಲೆ.

ಖರ್ಚಿಗೆ ಮುನ್ನ ಆರ್‌ಸಿ ನೋಡಿ

ಎಂಟು ವರ್ಷದವರೆಗೆ ಸರಕು ವಾಹನಕ್ಕೆ ಎರಡು ವರ್ಷಕ್ಕೊಮ್ಮೆ ಎಫ್‌ಸಿ, ಆಮೇಲೆ ಪ್ರತಿ ವರ್ಷ. ವಯಸ್ಸು ಹೆಚ್ಚಿದಂತೆ ಶುಲ್ಕವೂ ಏರುತ್ತದೆ. ಓವರ್‌ಹಾಲ್ ಖರ್ಚನ್ನು ಇದರ ಜತೆಗಿಟ್ಟು ಲೆಕ್ಕ ಹಾಕಬೇಕು.

ದೆಹಲಿ-ಎನ್‌ಸಿಆರ್‌ನಲ್ಲಿರುವವರ ಲೆಕ್ಕವೇ ಬೇರೆ. ಹತ್ತು ವರ್ಷ ದಾಟಿದ ಡೀಸೆಲ್ ವಾಹನಗಳ ಓಡಾಟಕ್ಕೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2015ರಲ್ಲಿ ತಡೆ ಹಾಕಿತು. 2018ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಜಾರಿಗೊಳಿಸುವಂತೆ ಹೇಳಿತು. 2025ರ ಆಗಸ್ಟ್‌ನಲ್ಲಿ ಬಲವಂತದ ಕ್ರಮ ಬೇಡ ಎಂದಿದ್ದ ಕೋರ್ಟ್, ಡಿಸೆಂಬರ್‌ನಲ್ಲಿ ಆ ರಕ್ಷಣೆಯನ್ನು ಬಿಎಸ್-4 ಮತ್ತು ನಂತರದ ವಾಹನಗಳಿಗೆ ಸೀಮಿತಗೊಳಿಸಿತು. ದೆಹಲಿಯಲ್ಲಿ ಬಿಎಸ್-3 ಪಿಕಪ್‌ನ ಎಂಜಿನ್‌ಗೆ ದೊಡ್ಡ ಮೊತ್ತ ಹಾಕುವುದು ಈ ಸ್ಥಿತಿಯಲ್ಲಿ ನಷ್ಟದ ಬಾಬತ್ತು.

ಕರ್ನಾಟಕ ನೋಂದಣಿಯ ಗಾಡಿಯನ್ನು ಬೇರೆ ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಕಾಲ ಇಟ್ಟುಕೊಂಡರೆ ಅಲ್ಲಿನ ನೋಂದಣಿ ಸಂಖ್ಯೆ ಪಡೆಯಬೇಕು. ಇದಕ್ಕೆ ಮೂಲ ಆರ್‌ಟಿಒದಿಂದ ಎನ್‌ಒಸಿ ತರಬೇಕಾಗುತ್ತದೆ. ಗಾಡಿ ಮಾರದೆ ಗುಜರಿಗೆ ಹಾಕುವುದಾದರೆ ನೋಂದಾಯಿತ ಸ್ಕ್ರ್ಯಾಪ್ ಕೇಂದ್ರಕ್ಕೇ ಕೊಡಿ. ಅಲ್ಲಿ ಸಿಗುವ ಠೇವಣಿ ಪ್ರಮಾಣಪತ್ರ ತೋರಿಸಿದರೆ ಹೊಸ ಗಾಡಿಯ ನೋಂದಣಿ ಶುಲ್ಕ ಮನ್ನಾ ಆಗುತ್ತದೆ, ಸರಕು ವಾಹನವಾದರೆ ರಸ್ತೆ ತೆರಿಗೆಯಲ್ಲಿ ಶೇ 15ರವರೆಗೆ ರಿಯಾಯಿತಿ ನೀಡಲು ರಾಜ್ಯಗಳಿಗೆ ಅವಕಾಶವಿದೆ.