ಮೆತ್ತಗಿರಲಾ, ಗರಿಗರಿ ಇರಲಾ?

ರಾಜಕೀಯದ ಮಾತು ಬಂದರೆ ನಕ್ಕು ಸುಮ್ಮನಾಗುವ ಇಂಗ್ಲಿಷರು ಬೇಕನ್ ವಿಷಯ ಬಂದರೆ ಸುಮ್ಮನಿರಲ್ಲ. ಅಮೆರಿಕದವರೂ ಅಷ್ಟೇ. ಎರಡೂ ಕಡೆಯ ಟೀಮುಗಳ ಜೊತೆ ಕೆಲಸ ಮಾಡಿದ್ದರಿಂದ ಈ ಜಗಳವನ್ನ ಹತ್ತಿರದಿಂದ ನೋಡಿದ್ದೀನಿ. ಇಂಗ್ಲೆಂಡಿನವನಿಗೆ ಬೇಕನ್ ಮೆತ್ತಗಿರಬೇಕು, ಅಗಲವಾಗಿರಬೇಕು, ಬೆಣ್ಣೆ ಸವರಿದ ಎರಡು ಬಿಳಿ ಬ್ರೆಡ್ಡಿನ ನಡುವೆ ಕೂತಿರಬೇಕು. ಅದರ ಮೇಲೆ ಟೊಮೆಟೊ ಸಾಸೋ ಬ್ರೌನ್ ಸಾಸೋ ಅನ್ನೋದು ಅವರೊಳಗಿನ ಇನ್ನೊಂದು ಜಗಳ. ಅಮೆರಿಕದವನಿಗೆ ಅದು ಹಪ್ಪಳದ ಹಾಗೆ ಮುರಿಯಬೇಕು. ಪಕ್ಕದ ಪ್ಯಾನ್‌ಕೇಕಿನಿಂದ ಮೇಪಲ್ ಸಿರಪ್ ಹರಿದು ಬಂದು ತಾಗಿದರೂ ಬೇಜಾರಿಲ್ಲ.

ನಿಮ್ಮಲ್ಲಿ ಹಂದಿ ಮಾಂಸ ಮುಟ್ಟದವರು ಬಹಳ ಜನ ಇದ್ದೀರಿ, ಗೊತ್ತು. ಆದರೂ ಓದಿ. ಇದು ರುಚಿಯ ಕತೆ ಅನ್ನೋದಕ್ಕಿಂತ ‘ನಿಮಗೆ ಹೇಗೆ ಬೇಕು?’ ಅನ್ನುವ ಪ್ರಶ್ನೆಯ ಕತೆ. ಆ ಪ್ರಶ್ನೆಯನ್ನ ಯಾವಾಗಿಂದ ಕೇಳೋಕೆ ಶುರು ಮಾಡಿದರು, ಯಾರನ್ನ ಕೇಳಿದರು ಅನ್ನೋದು ನನಗೆ ಬೇಕನ್‌ಗಿಂತ ರುಚಿಯಾಗಿ ಕಂಡಿತು.

ಮೊದಲು ಒಂದು ಗೊಂದಲ ಬಿಡಿಸಿಬಿಡ್ತೀನಿ. ಈ ಇಬ್ಬರೂ ತಿನ್ನೋದು ಒಂದೇ ಮಾಂಸ ಅಲ್ಲ. ಬ್ರಿಟನ್ನಿನಲ್ಲಿ ಸುಮ್ಮನೆ ಬೇಕನ್ ಅಂದರೆ ಸಾಮಾನ್ಯವಾಗಿ ಹಂದಿಯ ಬೆನ್ನಿನ ಭಾಗ. ಅದರಲ್ಲಿ ಮಾಂಸ ಜಾಸ್ತಿ, ಅಂಚಿನಲ್ಲಿ ಮಾತ್ರ ಕೊಬ್ಬು. ಅಮೆರಿಕದಲ್ಲಿ ಬೇಕನ್ ಅಂದರೆ ಹೊಟ್ಟೆಯ ಭಾಗ. ಕೊಬ್ಬು, ಮಾಂಸ, ಮತ್ತೆ ಕೊಬ್ಬು ಅಂತ ಪಟ್ಟೆಪಟ್ಟೆ. ಹೊಟ್ಟೆಯ ತುಂಡನ್ನ ಬಾಣಲೆಗೆ ಹಾಕಿದರೆ ಕೊಬ್ಬು ಕರಗಿ ಹೊರಬಂದು, ಅದರಲ್ಲೇ ಮಾಂಸ ಕರಿದು ಗರಿಗರಿ ಆಗುತ್ತೆ. ಬೆನ್ನಿನ ತುಂಡನ್ನ ಅಷ್ಟು ಹೊತ್ತು ಬಿಟ್ಟರೆ ಚಪ್ಪಲಿ. ಅಂದರೆ ‘ನನ್ನ ಟೇಸ್ಟು’ ಅಂತ ಎದೆ ತಟ್ಟಿಕೊಳ್ಳೋದರಲ್ಲಿ ಅರ್ಧ ಪಾಲು ಕಸಾಯಿಯವನ ಕತ್ತಿಯದ್ದು.

ಹಿಂದೆ ಹೋದರೆ ಆಯ್ಕೆಯೇ ಇರಲಿಲ್ಲ. ನಮ್ಮೂರ ಕಡೆ ಮಾಂಸಕ್ಕೆ ಉಪ್ಪು, ಅರಿಶಿನ ಹಚ್ಚಿ, ದಾರಕ್ಕೆ ಪೋಣಿಸಿ, ಬಿಸಿಲಿಗೆ ಒಣಗಿಸಿ ಒಲೆಯ ಹೊಗೆಗೆ ನೇತು ಹಾಕ್ತಿದ್ದರಲ್ಲ, ಉಪ್ಪುಖಂಡ, ಬೇಕನ್ ಹುಟ್ಟಿದ್ದೂ ಅದೇ ಲೆಕ್ಕದಲ್ಲಿ. ಕೆಡದೆ ಉಳಿಯಬೇಕು, ಅಷ್ಟೇ. ಇಂಗ್ಲೆಂಡಿನ ಹಳ್ಳಿಯವರು ವರ್ಷಕ್ಕೊಂದು ಹಂದಿ ಸಾಕಿ, ಚಳಿ ಬಂದ ಮೇಲೆ ಕಡಿದು, ಅರ್ಧರ್ಧ ಮೈಯನ್ನ ಉಪ್ಪಿನಲ್ಲಿ ಹೂತಿಡುತ್ತಿದ್ದರು. ಹೀಗೆ ಹದ ಮಾಡಿದ ಒಂದು ಪಕ್ಕೆಗೆ ಫ್ಲಿಚ್ ಅಂತ ಹೆಸರು. ಮನೆಯಲ್ಲಿ ಒಂದು ಫ್ಲಿಚ್ ತೂಗುತ್ತಿದ್ದರೆ ಅದು ನಮ್ಮಲ್ಲಿ ಕಣಜ ತುಂಬಿದ ಹಾಗೆ. ಎಸೆಕ್ಸ್ ಸೀಮೆಯ ಡನ್‌ಮೋ ಅನ್ನುವ ಊರಿನಲ್ಲಂತೂ ಮದುವೆಯಾಗಿ ಒಂದು ವರ್ಷ ಒಂದು ದಿನ ಪಶ್ಚಾತ್ತಾಪ ಪಡದೆ ಬಾಳಿದ ದಂಪತಿಗೆ ಒಂದು ಫ್ಲಿಚ್ ಬಹುಮಾನ ಕೊಡುವ ಪದ್ಧತಿ. 14ನೇ ಶತಮಾನದ ಚಾಸರ್ ಕಾವ್ಯದಲ್ಲೇ ಅದರ ಪ್ರಸ್ತಾಪ ಇದೆ. ಈಗಲೂ ನಾಲ್ಕು ವರ್ಷಕ್ಕೊಮ್ಮೆ, ನ್ಯಾಯಾಲಯದ ವೇಷ ಕಟ್ಟಿಕೊಂಡು, ಆ ವಿಚಾರಣೆ ನಡೆಸ್ತಾರೆ.

ಆ ಕಾಲದ ಬೇಕನ್ ಈಗ ನಮ್ಮ ಮುಂದೆ ಇಟ್ಟರೆ ಬಾಯಿಗೆ ಇಡೋಕೆ ಆಗಲ್ಲ. ಅಷ್ಟು ಉಪ್ಪು, ಅಷ್ಟು ಕೊಬ್ಬು. ನೆನೆಸಿ, ಬೇಯಿಸಿ, ಬಟಾಣಿ ಆಲೂಗಡ್ಡೆಗೆ ರುಚಿ ಹತ್ತಲಿ ಅಂತ ಚೂರು ಹಾಕುತ್ತಿದ್ದರು. ವಿಲಿಯಂ ಕಾಬೆಟ್ ಅಂತ ಒಬ್ಬ ಜಗಳಗಂಟ ಪತ್ರಕರ್ತ 1821–22ರಲ್ಲಿ ‘ಕಾಟೇಜ್ ಎಕಾನಮಿ’ ಅಂತ ಬರೆದ. ಟೀ ಕುಡಿಯೋದು ಹಾಳು ಚಟ, ಹಂದಿ ಸಾಕಿ ಅನ್ನೋದು ಅವನ ವಾದ. ಅದರಲ್ಲೂ ಹಂದಿ ಚೆನ್ನಾಗಿ ಕೊಬ್ಬಿರಬೇಕು, ಕೊಬ್ಬಿಲ್ಲದ ಬೇಕನ್ ಬರೀ ದಂಡ ಅಂತ ಅವನ ತೀರ್ಮಾನ. ಇವತ್ತು ಪ್ಯಾಕೆಟ್ ತಿರುಗಿಸಿ ಕೊಬ್ಬು ಎಷ್ಟು ಗ್ರಾಂ ಅಂತ ನೋಡುವ ನಮಗೆ ಇದು ತಮಾಷೆ. ದಿನವಿಡೀ ಗುದ್ದಲಿ ಹಿಡಿಯುವವನಿಗೆ ಆ ಕೊಬ್ಬೇ ಮೈಗೆ ಶಕ್ತಿ.

ಅದೂ ಎಲ್ಲರಿಗೆ ಸಿಗುತ್ತಿರಲಿಲ್ಲ. 1863ರಲ್ಲಿ ಎಡ್ವರ್ಡ್ ಸ್ಮಿತ್ ಅನ್ನುವ ವೈದ್ಯ ಸರ್ಕಾರಕ್ಕಾಗಿ ಬ್ರಿಟನ್ನಿನ ಬಡ ಕೂಲಿಕಾರರ ಮನೆಗಳ ಊಟದ ಲೆಕ್ಕ ತೆಗೆದ. ಮನೆಗೆ ಬಂದ ಚೂರು ಮಾಂಸ ದುಡಿಯುವ ಗಂಡಸಿನ ತಟ್ಟೆಗೆ ಹೋಗುತ್ತೆ, ಹೆಂಡತಿ ಮಕ್ಕಳ ಪಾಲು ಕಡಿಮೆ ಅಂತ ಅವನು ಕಂಡ. ಹೆಂಗಸರೇ ಅದನ್ನ ಸರಿ ಅಂತ ಒಪ್ಪಿಕೊಂಡಿದ್ದರು. ಗಂಡ ದುಡಿದರೆ ತಾನೇ ಮನೆ ನಡೆಯೋದು. ಇದನ್ನ ಓದುವಾಗ ನನಗೆ ವಿಕ್ಟೋರಿಯಾ ರಾಣಿಯ ಕಾಲ ದೂರ ಅನ್ನಿಸಲೇ ಇಲ್ಲ. ಬಾಡೂಟದ ದಿನ ಗಂಡಸರ ಪಂಕ್ತಿ ಎದ್ದ ಮೇಲೆ ಪಾತ್ರೆಯ ತಳದಲ್ಲಿ ಉಳಿದ ಎಸರು, ಮೂಳೆ ಹಾಕಿಕೊಂಡು ಅವ್ವ ಉಣ್ಣುತ್ತಿದ್ದುದನ್ನ ನೋಡಿಯೇ ನಾನು ಬೆಳೆದದ್ದು. ನಿಂಗೆ ಎಂಥ ಪೀಸ್ ಇಷ್ಟ ಅಂತ ಅವಳನ್ನ ಯಾರೂ ಕೇಳಿದ್ದು ನೆನಪಿಲ್ಲ. ಹೊಟ್ಟೆಗೆ ಇದ್ದರೆ ಸಾಲದು, ಕೇಳಿಸಿಕೊಳ್ಳುವ ಜಾಗದಲ್ಲೂ ಇರಬೇಕಲ್ಲ.

ಮೆತ್ತನೆಯ ಬೇಕನ್‌ಗೆ ದಾರಿ ಮಾಡಿದ್ದು ಒಂದು ಕ್ಷಾಮ ಮತ್ತು ಒಂದಿಷ್ಟು ಮಂಜುಗಡ್ಡೆ. ಐರ್ಲೆಂಡಿನಿಂದ ಹಡಗಿನಲ್ಲಿ ಬ್ರಿಸ್ಟಲ್‌ಗೆ ಬಂದ ಹಂದಿಗಳನ್ನ ಲಂಡನ್‌ವರೆಗೆ ನಡೆಸಿಕೊಂಡು ಹೋಗುತ್ತಿದ್ದರು. ದಾರಿಯಲ್ಲಿ ವಿಲ್ಟ್‌ಶೈರ್ ಸೀಮೆಯ ಕಾನ್ ಅನ್ನುವ ಊರಿನಲ್ಲಿ ತಂಗುತ್ತಿದ್ದರು. ಅಲ್ಲಿನ ಹ್ಯಾರಿಸ್ ಮನೆತನದ ಮಾಂಸದ ವ್ಯಾಪಾರ ಬೆಳೆದದ್ದೇ ಆ ಹಂದಿಗಳಿಂದ. 1840ರ ದಶಕದಲ್ಲಿ ಐರ್ಲೆಂಡಿನ ಆಲೂಗಡ್ಡೆ ಬೆಳೆ ಕೊಳೆತು ಭೀಕರ ಕ್ಷಾಮ ಬಂತು. ಜನರೇ ಸಾಯುವಾಗ ಹಂದಿ ಎಲ್ಲಿಂದ ಬರಬೇಕು? ಜಾರ್ಜ್ ಹ್ಯಾರಿಸ್ 1847ರಲ್ಲಿ ಅಮೆರಿಕಕ್ಕೆ ಹೋದ. ಅಲ್ಲಿ ವ್ಯಾಪಾರ ಕುದುರಲಿಲ್ಲ, ಆದರೆ ಮಂಜುಗಡ್ಡೆ ತುಂಬಿದ ಕೋಣೆಯಲ್ಲಿ ಬೇಸಿಗೆಯಲ್ಲೂ ಮಾಂಸ ಹದ ಮಾಡೋದನ್ನ ನೋಡಿಕೊಂಡು ಬಂದ. ಮುಂದೆ ಕಾನ್‌ನಲ್ಲಿ ಐಸ್ ಹೌಸ್ ಎದ್ದಿತು, 1864ರಲ್ಲಿ ಪೇಟೆಂಟ್ ಕೂಡ ಸಿಕ್ಕಿತು. ತಂಪಿದ್ದರೆ ಅಷ್ಟು ಉಪ್ಪು ಬೇಡ. ಉಪ್ಪು ಕಡಿಮೆಯಾದರೆ ನೆನೆಸಿ ಬೇಯಿಸುವ ಕಷ್ಟ ಇಲ್ಲ, ಸೀದಾ ಬಾಣಲೆಗೆ ಹಾಕಬಹುದು. ಇಡೀ ಪಕ್ಕೆಯನ್ನ ಉಪ್ಪುನೀರಿನಲ್ಲಿ ಅದ್ದಿಡುವ ವಿಲ್ಟ್‌ಶೈರ್ ಹದ ಅಂತ ಅದಕ್ಕೆ ಹೆಸರಾಯಿತು. ಇಂಗ್ಲಿಷರು ‘ನಮ್ಮ ಸಾಂಪ್ರದಾಯಿಕ ಬೆಳಗಿನ ತಿಂಡಿ’ ಅನ್ನೋದರ ಹಿಂದೆ ಅಮೆರಿಕದ ಐಡಿಯಾ ಇದೆ ಅಂತ ಅವರ ಮುಂದೆ ಹೇಳಿ ನೋಡಿ, ಮುಖ ನೋಡುವ ಹಾಗಿರುತ್ತೆ!

ಆ ತಿಂಡಿಯನ್ನ ತುಂಬಿಸೋಕೆ ಇನ್ನೊಂದು ದೇಶವೇ ಬೇಕಾಯಿತು. 1887ರಲ್ಲಿ ಜರ್ಮನಿ ಡೆನ್ಮಾರ್ಕಿನ ಹಂದಿಗಳನ್ನ ಗಡಿಯಲ್ಲೇ ತಡೆದಾಗ ಡೇನಿಶ್ ರೈತರು ಅದೇ ವರ್ಷ ಹೊರ್ಸನ್ಸ್ ಊರಿನಲ್ಲಿ ಮೊದಲ ಸಹಕಾರಿ ಬೇಕನ್ ಕಾರ್ಖಾನೆ ತೆರೆದರು. ಬ್ರಿಟನ್ನಿನ ಬಾಣಲೆಗೆ ಒಪ್ಪುವ ಹಾಗೆ, ಮೈ ಉದ್ದ, ಕೊಬ್ಬು ಕಮ್ಮಿ ಇರುವ ಹಂದಿಯ ತಳಿಯನ್ನೇ ಬೆಳೆಸಿದರು. ಗ್ರಾಹಕನಿಗೆ ತಕ್ಕ ಹಾಗೆ ಪ್ರಾಡಕ್ಟ್ ಬದಲಿಸೋದು ಅಂತ ನಾವು ಪವರ್‌ಪಾಯಿಂಟ್ ಹಾಕಿ ಹೇಳ್ತೀವಲ್ಲ, ಅವರು ಪ್ರಾಣಿಯನ್ನೇ ಬದಲಿಸಿದರು. ಇನ್ನು ಅವರ ಸ್ವಂತ ನಾಲಿಗೆ? 2014ರಲ್ಲಿ ಡೇನರು ಮತ ಹಾಕಿ ಆರಿಸಿಕೊಂಡ ರಾಷ್ಟ್ರೀಯ ಖಾದ್ಯ ಗರಿಗರಿಯಾಗಿ ಹುರಿದ ಹಂದಿ ಹೊಟ್ಟೆಯ ಮಾಂಸ, ಮೇಲೆ ಪಾರ್ಸ್ಲಿ ಸಾಸ್.

ಗರಿಗರಿ ಪಕ್ಷದ ಕತೆ ಬೇರೆ. ಕತ್ತಿಯಲ್ಲಿ ಕೊಯ್ದ ತುಂಡು ಒಂದು ಕಡೆ ದಪ್ಪ, ಒಂದು ಕಡೆ ತೆಳು. ಒಂದೇ ಸಮ ಗರಿಗರಿ ಆಗೋದು ಕಷ್ಟ. 1898ರಲ್ಲಿ ರೋಟರ್‌ಡ್ಯಾಮಿನ ಕಸಾಯಿ ವ್ಯಾಪಾರಿ ವಾನ್ ಬರ್ಕೆಲ್ ಮಾಂಸ ಸೀಳುವ ಯಂತ್ರ ಮಾಡಿದ. 1924ರಲ್ಲಿ ಆಸ್ಕರ್ ಮೇಯರ್ ಕಂಪನಿ ಮೊದಲೇ ಸೀಳಿದ ಬೇಕನ್‌ನ ಪ್ಯಾಕೆಟ್ ಮಾರೋಕೆ ಶುರು ಮಾಡಿತು. ಎಲ್ಲ ತುಂಡೂ ಒಂದೇ ಅಳತೆ, ಎಲ್ಲ ಬೆಳಗೂ ಒಂದೇ ಕುರುಂ. ಈ ಹಪ್ಪಳದ ರುಚಿ ಇಷ್ಟು ಹರಡಿದ್ದರಲ್ಲಿ ಯಂತ್ರದ ಪಾಲು ದೊಡ್ಡದು ಅಂತ ನನ್ನ ಎಣಿಕೆ.

ಅದೇ 1920ರ ದಶಕದಲ್ಲಿ ಬೀಚ್-ನಟ್ ಕಂಪನಿ ತನ್ನ ಬೇಕನ್ ಹೆಚ್ಚು ಮಾರೋಕೆ ಎಡ್ವರ್ಡ್ ಬರ್ನೇಸ್‌ನನ್ನ ಹಿಡಿಯಿತು. ಈತ ಸಿಗ್ಮಂಡ್ ಫ್ರಾಯ್ಡ್‌ನ ಸೋದರಳಿಯ, ಪ್ರಚಾರವನ್ನ ಒಂದು ವೃತ್ತಿ ಮಾಡಿದವನು. ಬೇಕನ್ ತಿನ್ನಿ ಅಂತ ಜಾಹೀರಾತು ಹಾಕಲಿಲ್ಲ. ತನ್ನ ಪರಿಚಯದ ಡಾಕ್ಟರೊಬ್ಬರಿಂದ ಸುಮಾರು 5,000 ಡಾಕ್ಟರುಗಳಿಗೆ ಕಾಗದ ಬರೆಸಿದ. ಬೆಳಗ್ಗೆ ಹಗುರ ತಿಂಡಿಗಿಂತ ಗಟ್ಟಿ ತಿಂಡಿ ಒಳ್ಳೆಯದಲ್ಲವೇ ಅನ್ನೋದು ಪ್ರಶ್ನೆ. ಅವನೇ ಹೇಳಿಕೊಂಡ ಲೆಕ್ಕದಲ್ಲಿ 4,500ರಷ್ಟು ಜನ ಹೌದು ಅಂದರು. ಅದು ಪತ್ರಿಕೆಗಳಲ್ಲಿ ಸುದ್ದಿಯಾಯಿತು, ಪಕ್ಕದಲ್ಲೇ ಬೇಕನ್ ಮೊಟ್ಟೆಯ ಮಾತೂ ಬಂತು. ಗಮನಿಸಿ, ಡಾಕ್ಟರುಗಳನ್ನ ಬೇಕನ್ ಬಗ್ಗೆ ಕೇಳಲೇ ಇಲ್ಲ. ಬೇಕನ್-ಮೊಟ್ಟೆ ತಿಂಡಿಯನ್ನ ಅವನೇ ಹುಟ್ಟಿಸಿದ ಅಂತ ವಾಟ್ಸಾಪಿನಲ್ಲಿ ಓಡಾಡುವ ಮಾತು ಸುಳ್ಳು, ಜನ ಅದಕ್ಕೂ ಮುಂಚೆಯೇ ತಿನ್ನುತ್ತಿದ್ದರು. ಅವನು ಮಾಡಿದ್ದು, ತಿನ್ನೋಕೆ ಒಂದು ಬಿಳಿ ಕೋಟಿನ ಕಾರಣ ಒದಗಿಸಿದ್ದು.

ಯುದ್ಧ ಬಂತು. ಬ್ರಿಟನ್ನಿನಲ್ಲಿ 1940ರ ಜನವರಿ 8ರಂದು ಬೇಕನ್, ಬೆಣ್ಣೆ, ಸಕ್ಕರೆಗೆ ರೇಷನ್. ತಲೆಗೆ ವಾರಕ್ಕೆ ನಾಲ್ಕು ಔನ್ಸ್ ಬೇಕನ್, ಅಂದರೆ ಸುಮಾರು 113 ಗ್ರಾಂ. ಆದರೆ ಲೆಕ್ಕ ‘ತಲೆಗೆ’ ಅನ್ನೋದನ್ನ ನೋಡಿ. ಗಂಡಸು, ಹೆಂಗಸು, ಮಗು, ಎಲ್ಲರ ಹೆಸರಿನಲ್ಲೂ ಒಂದೊಂದು ರೇಷನ್ ಪುಸ್ತಕ. ಎಡ್ವರ್ಡ್ ಸ್ಮಿತ್ ಲೆಕ್ಕ ಬರೆದ 77 ವರ್ಷಕ್ಕೆ ಹೆಂಡತಿಗೂ ಅವಳದ್ದೇ ಪಾಲು ಕಾಗದದ ಮೇಲಾದರೂ ಬಂತು. ತಟ್ಟೆಯ ಮೇಲೆ ಬಂತಾ ಅಂತ ಯಾವ ಇಲಾಖೆಯೂ ನೋಡಲ್ಲ ಬಿಡಿ. ನಮ್ಮ ರೇಷನ್ ಕಾರ್ಡಿನ ಕತೆ ಗೊತ್ತಿದ್ದವರಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ. ಈ ಬಿಗಿ ಪೂರ್ತಿ ಸಡಿಲವಾಗಿದ್ದು 1954ರ ಜುಲೈ 4ಕ್ಕೆ. ಅತ್ತ ಅಮೆರಿಕದಲ್ಲಿ ಬಾಣಲೆಯಲ್ಲಿ ಉಳಿದ ಜಿಡ್ಡನ್ನ ಡಬ್ಬಿಯಲ್ಲಿ ಶೇಖರಿಸಿ ಮಾಂಸದ ಅಂಗಡಿಗೆ ಕೊಡಿ ಅಂತ ಸರ್ಕಾರ ಕೇಳಿಕೊಂಡಿತು. ಅದರ ಗ್ಲಿಸರಿನ್ ಸಿಡಿಮದ್ದಿಗೆ ಬೇಕಿತ್ತು. 1942ರಲ್ಲಿ ಡಿಸ್ನಿ ಅದಕ್ಕಾಗಿಯೇ ಒಂದು ಕಾರ್ಟೂನ್ ಮಾಡಿತು. ನಾಯಿ ಪ್ಲೂಟೊಗೆ ಹಾಕಬೇಕಿದ್ದ ಬೇಕನ್ ಜಿಡ್ಡನ್ನ ಮಿನ್ನಿ ಯುದ್ಧಕ್ಕೆ ಎತ್ತಿಡ್ತಾಳೆ.

ಕೊನೆಗೆ ರಸಾಯನ ಶಾಸ್ತ್ರಕ್ಕೆ ಬರೋಣ, ಯಾಕಂದ್ರೆ ಇಲ್ಲಿ ಮೆತ್ತಗೋ ಗರಿಗರಿಯೋ ಅನ್ನೋದು ಬರೀ ರುಚಿಯಾಗಿ ಉಳಿಯಲ್ಲ. ಬೇಕನ್‌ಗೆ ಆ ಗುಲಾಬಿ ಬಣ್ಣ ಕೊಡೋದು ನೈಟ್ರೈಟ್. ವಿಷದ ಬ್ಯಾಕ್ಟೀರಿಯಾ ಬೆಳೆಯದ ಹಾಗೆ ತಡೆಯೋದೂ ಅದೇ. ಜೋರು ಉರಿಯಲ್ಲಿ ಹುರಿದಾಗ ಅದರಿಂದ ನೈಟ್ರೊಸಮೈನ್‌ಗಳು ಹುಟ್ಟುತ್ತವೆ ಅಂತ 1970ರ ದಶಕದಲ್ಲಿ ಗೊತ್ತಾಗಿ ಅಮೆರಿಕದಲ್ಲಿ ದೊಡ್ಡ ಗಲಾಟೆ ಆಯಿತು. ಎಷ್ಟು ನೈಟ್ರೈಟ್ ಹಾಕಬಹುದು ಅಂತ ಅಲ್ಲಿನ ಕೃಷಿ ಇಲಾಖೆ 1978ರಲ್ಲಿ ಮಿತಿ ಬಿಗಿ ಮಾಡಿತು. 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ, ಹೀಗೆ ಹದ ಮಾಡಿದ ಮಾಂಸವನ್ನೆಲ್ಲ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ದಿನಕ್ಕೆ 50 ಗ್ರಾಂ ತಿಂದರೆ ಕರುಳಿನ ಕ್ಯಾನ್ಸರಿನ ಸಾಧ್ಯತೆ ಸುಮಾರು ಶೇ. 18ರಷ್ಟು ಏರುತ್ತೆ ಅಂತ ಅಂದಾಜು. ಸಿಗರೇಟೂ ಅದೇ ಗುಂಪಿನಲ್ಲಿದೆ, ಆದರೆ ಗುಂಪು ಒಂದೇ ಅಂದರೆ ಅಪಾಯ ಸಮ ಅಂತಲ್ಲ. ಆ ವಾರದ ಹೆಡ್‌ಲೈನುಗಳು ಇದನ್ನ ಮರೆತಿದ್ದವು.

ಕಾನ್‌ನ ಆ ಹ್ಯಾರಿಸ್ ಕಾರ್ಖಾನೆ 1982ರಲ್ಲಿ ಬಾಗಿಲು ಹಾಕಿತು. ನನ್ನನ್ನ ಕೇಳಿದರೆ, ನನಗೆ ಬೆನ್ನಿನ ತುಂಡು, ಸಣ್ಣ ಉರಿ, ಅಂಚಿನ ಕೊಬ್ಬಷ್ಟೇ ಗರಿಗರಿ, ನಡು ಮೆತ್ತಗೆ. ಜೊತೆಗೆ ಬ್ರೆಡ್ ಬೇಡ, ಅಕ್ಕಿ ರೊಟ್ಟಿ ಇರಲಿ. ಅದೂ ಯಾವಾಗಲಾದರೊಮ್ಮೆ.