ಕಾಗದದ ಮೇಲಿನ ಕುದುರೆಗಳು

ಹಿಂದೆ ನಮ್ಮ ನಾಡಿನಲ್ಲಿ ಸೇರು ಎಂಬುದು ಊರಿಗೊಂದು ಬಗೆಯಾಗಿತ್ತು. ಒಂದು ಸಂತೆಯ ಸೇರನ್ನು ಇನ್ನೊಂದು ಸಂತೆಯವರು ಒಪ್ಪುತ್ತಿರಲಿಲ್ಲ. 1956ರಲ್ಲಿ ತೂಕ ಅಳತೆಗಳ ಕಾಯಿದೆ ಬಂದು, ಕಿಲೋಗ್ರಾಮು ಮೆಲ್ಲಮೆಲ್ಲನೆ ಅಂಗಡಿಗಳನ್ನು ಹೊಕ್ಕು, ಆ ಗೊಂದಲ ಕೊನೆಗೊಂಡಿತು. ಆದರೆ ಮೋಟಾರ್ ಸೈಕಲ್ಲುಗಳ ಪೇಟೆಯಲ್ಲಿ ಆ ಹಳೆಯ ಸೇರು ಇನ್ನೂ ಬದುಕಿಯೇ ಇದೆಯೇನೋ ಎನಿಸುತ್ತದೆ. ಎರಡು ಗಾಡಿಗಳ ಯಂತ್ರದ ಗಾತ್ರ ಒಂದೇ, ರೂಪವೂ ಹೆಚ್ಚುಕಡಿಮೆ ಒಂದೇ; ಆದರೂ ಒಂದಕ್ಕೆ 39 ಅಶ್ವಶಕ್ತಿ, ಮತ್ತೊಂದಕ್ಕೆ 27. ಇಬ್ಬರಲ್ಲಿ ಯಾರೋ ಸುಳ್ಳು ಹೇಳುತ್ತಿರಬೇಕೆಂದು ಕೊಳ್ಳುವವನು ಶಂಕಿಸಿದರೆ ಆಶ್ಚರ್ಯವಿಲ್ಲ. ಸುಳ್ಳು ಯಾರದೂ ಅಲ್ಲದಿರಬಹುದು. ಅದನ್ನು ತಿಳಿಯಲು ಈ ಕುದುರೆಯ ವಂಶಾವಳಿಯನ್ನೇ ಸ್ವಲ್ಪ ನೋಡಬೇಕು.

ಅಶ್ವಶಕ್ತಿಯು ಹುಟ್ಟಿದ್ದು ವ್ಯಾಪಾರದಿಂದ. 18ನೆಯ ಶತಮಾನದ ಕೊನೆಯ ಭಾಗದಲ್ಲಿ ಜೇಮ್ಸ್ ವಾಟ್ ತನ್ನ ಉಗಿಯಂತ್ರವನ್ನು ಮಾರುತ್ತಿದ್ದಾಗ, ಹಳೆಯ ಉಗಿಯಂತ್ರಗಳಿದ್ದ ಗಣಿಗಳಲ್ಲಿ ಉಳಿಸಿಕೊಟ್ಟ ಕಲ್ಲಿದ್ದಲಿನ ಬೆಲೆಯಲ್ಲಿ ಮೂರನೆಯ ಒಂದು ಪಾಲನ್ನು ಶುಲ್ಕವಾಗಿ ಪಡೆಯುತ್ತಿದ್ದ. ಆದರೆ ಕುದುರೆಗಳಿಂದ ಗಿರಣಿ ತಿರುಗಿಸುತ್ತಿದ್ದವರಲ್ಲಿ ಹೋಲಿಸಲು ಕಲ್ಲಿದ್ದಲೇ ಇರಲಿಲ್ಲ. ಅವರಿಗೆ ಕುದುರೆಯ ಭಾಷೆಯಲ್ಲೇ ಲೆಕ್ಕ ಹೇಳಬೇಕಾಯಿತು. ಗಾಣದ ಕುದುರೆಯ ಸುತ್ತು, ವೇಗ, ಎಳೆತ ಇವುಗಳನ್ನು ಗುಣಿಸಿ, ಬಂದ ಸಂಖ್ಯೆಯನ್ನು ಉಂಡೆಮಾಡಿ, ನಿಮಿಷಕ್ಕೆ 33,000 ಅಡಿ-ಪೌಂಡು ಎಂದು ಆತ ಗೊತ್ತುಮಾಡಿದ. ಸಾಧಾರಣ ಕುದುರೆಯೊಂದು ದಿನವಿಡೀ ಇಷ್ಟು ದುಡಿಯಲಾರದು. ಅಂತೂ ಈ ಮಾನದ ಮೂಲಪುರುಷನೇ ಧಾರಾಳಿ.

ಈ ಕುದುರೆ ಸಮುದ್ರ ದಾಟಿ ಯೂರೋಪಿಗೆ ಹೋದಾಗ ಸ್ವಲ್ಪ ಬಡವಾಯಿತು. ಅಲ್ಲಿನವರು ಮೆಟ್ರಿಕ್ ಪದ್ಧತಿಗೆ ಹೊಂದುವಂತೆ, 75 ಕಿಲೋಗ್ರಾಮು ತೂಕವನ್ನು ಸೆಕೆಂಡಿಗೆ ಒಂದು ಮೀಟರು ಎತ್ತುವುದನ್ನು ಒಂದು ಅಶ್ವಶಕ್ತಿ ಎಂದರು. ಇಂಗ್ಲೆಂಡಿನ ಕುದುರೆ ಸುಮಾರು 746 ವಾಟ್, ಯೂರೋಪಿನದು 735.5 ವಾಟ್. 1961ರಿಂದ ನಮ್ಮ ಮೈಸೂರಿನ ಕಾರ್ಖಾನೆಯಲ್ಲಿ ತಯಾರಾದ ಜಾವಾ ಗಾಡಿಯ ಮೂಲ ಚೆಕೊಸ್ಲೊವಾಕಿಯಾ. ಆ ದೇಶದ ಲೆಕ್ಕ ಮೆಟ್ರಿಕ್ ಕುದುರೆಯದು. ಅಂಥ 12 ಕುದುರೆಗಳನ್ನು ಇಂಗ್ಲೆಂಡಿನ ಲಾಯಕ್ಕೆ ತಂದು ಕಟ್ಟಿದರೆ ಅವು 11.8 ಆಗುತ್ತವೆ. ಯಂತ್ರದಲ್ಲಿ ಒಂದು ತಿರುಪೂ ಬದಲಾಗಿಲ್ಲ. ಬದಲಾದದ್ದು ಸೇರು ಮಾತ್ರ.

ಇಂಗ್ಲೆಂಡಿನಲ್ಲೇ ಇನ್ನೊಂದು ಗೊಂದಲವೂ ಇತ್ತು. 20ನೆಯ ಶತಮಾನದ ಆರಂಭದಲ್ಲಿ ಅಲ್ಲಿ ಮೋಟಾರ್ ಸೈಕಲ್ಲುಗಳನ್ನು ‘ಮೂರೂವರೆ ಕುದುರೆ’, ‘ನಾಲ್ಕು ಕುದುರೆ’ ಎಂದು ಕರೆಯುತ್ತಿದ್ದರು. 1915ರ ಟ್ರಯಂಫ್ ಎಚ್ ಮಾದರಿಯ 550 ಸಿ.ಸಿ. ಗಾಡಿಗೆ ನಾಲ್ಕು ಕುದುರೆಯೆಂದೇ ಹೆಸರು. ಅದು ಅಳೆದ ಶಕ್ತಿಯಲ್ಲ, ಗಾತ್ರವನ್ನು ಸೂಚಿಸುವ ನಾಮಮಾತ್ರದ ಅಂಕಿ. ಕಾರುಗಳಿಗಾದರೋ 1910ರಲ್ಲಿ ರಾಯಲ್ ಆಟೊಮೊಬೈಲ್ ಕ್ಲಬ್ಬಿನ ಸೂತ್ರ ಬಂತು. ಸಿಲಿಂಡರಿನ ಅಗಲ ಮತ್ತು ಸಂಖ್ಯೆ ಮಾತ್ರ ಅದರ ಲೆಕ್ಕಕ್ಕೆ ಬರುತ್ತಿದ್ದವು, ಪಿಸ್ಟನ್ನಿನ ಓಟದ ಉದ್ದ ಬರುತ್ತಿರಲಿಲ್ಲ. 1921ರಿಂದ ಒಂದು ಕುದುರೆಗೆ ಒಂದು ಪೌಂಡು ತೆರಿಗೆಯಾಯಿತು. ಇಂಜಿನಿಯರುಗಳು ಬುದ್ಧಿವಂತರು, ಸಿಲಿಂಡರನ್ನು ಕಿರಿದು ಮಾಡಿ ಉದ್ದ ಮಾಡಿದರು. ಕಾಗದದಲ್ಲಿ ಕುದುರೆಗಳು ಇಳಿದವು, ರಸ್ತೆಯಲ್ಲಿ ಇಳಿಯಲಿಲ್ಲ.

ಇಷ್ಟರಿಂದ ಅಂಕಿಗಳೆಲ್ಲ ಬರಿಯ ಮಾಯೆಯೆಂದು ತಿಳಿಯಬಾರದು. ಯಂತ್ರವನ್ನೇ ಬೇಕೆಂದು ಪಳಗಿಸಿದ ಉದಾಹರಣೆಗಳೂ ಉಂಟು. ಜರ್ಮನಿಯಲ್ಲಿ ಒಂದು ಕಾಲಕ್ಕೆ ಮೋಟಾರ್ ಸೈಕಲ್ಲಿನ ವಿಮೆಯ ಕಂತು ಅಶ್ವಶಕ್ತಿಯ ವರ್ಗಕ್ಕೆ ತಕ್ಕಂತೆ ಏರುತ್ತಿತ್ತು. 27 ಒಂದು ಮೆಟ್ಟಿಲು. 1978ರಲ್ಲಿ ಬಂದ ಬಿ.ಎಂ.ಡಬ್ಲ್ಯೂ. ಆರ್ 45 ಗಾಡಿ ಆ ಮೆಟ್ಟಿಲಿಗೆ ಸರಿಯಾಗಿ 27 ಕುದುರೆಯದಾಯಿತು. ಹೊರದೇಶಗಳಿಗೆ ಕಳುಹಿಸಿದ್ದು 35. ಗಾತ್ರ ಒಂದೇ, ಒಳಗಿನ ಒತ್ತಡದ ಪ್ರಮಾಣ ಮತ್ತು ಕಾರ್ಬ್ಯುರೆಟರು ಬೇರೆ.

ನಮ್ಮ ದೇಶದ ಕಥೆ ಇನ್ನೂ ಹತ್ತಿರದ್ದು. ಜಪಾನಿನ ಯಮಾಹ ಆರ್.ಡಿ. 350 ಗಾಡಿಗೆ 39 ಅಶ್ವಶಕ್ತಿ. 1983ರಲ್ಲಿ ಎಸ್ಕಾರ್ಟ್ಸ್ ಸಂಸ್ಥೆ ಅದನ್ನು ರಾಜದೂತ್ 350 ಎಂಬ ಹೆಸರಿನಲ್ಲಿ ಇಲ್ಲಿ ತಯಾರಿಸಿದಾಗ ಅದು 30.5ಕ್ಕೆ ಇಳಿದಿತ್ತು, ಮುಂದೆ ಬಂದ ಇನ್ನೊಂದು ಆವೃತ್ತಿಯಲ್ಲಿ 27ಕ್ಕೆ. ಅದೇ 347 ಸಿ.ಸಿ.ಯ ಜೋಡಿ ಸಿಲಿಂಡರು. ಆದರೆ ಹೊಗೆ ಹೊರಡುವ ದಾರಿಯನ್ನು ಬಿಗಿಮಾಡಿ, ಹಸಿದ ಯಂತ್ರಕ್ಕೆ ಮಿತಾಹಾರ ಕಲಿಸಲಾಗಿತ್ತು. ಪೆಟ್ರೋಲನ್ನು ಲೀಟರಿನ ಲೆಕ್ಕದಲ್ಲಿ ಯೋಚಿಸಿ ಹಾಕಿಸುವ ಸಂಸಾರಿಗಳ ದೇಶದಲ್ಲಿ ಕಳೆದುಹೋದ ಆ 12 ಕುದುರೆಗಳು ಎಲ್ಲಿಗೆ ಹೋದವೆಂದು ಹುಡುಕಬೇಕಾಗಿಲ್ಲ. ಇಷ್ಟಾದರೂ ಕೊಳ್ಳುವವರಿಗೆ ಅದು ಹೊಟ್ಟೆಬಾಕನೆಂದೇ ಕಂಡಿತು. ತಯಾರಿಕೆ ಆ ದಶಕವನ್ನು ದಾಟಿ ಹೆಚ್ಚು ದಿನ ನಡೆಯಲಿಲ್ಲ. ಇಂದು ಅದನ್ನು ಮಗುವಿನಂತೆ ಸಾಕುವ ಅಭಿಮಾನಿಗಳಿದ್ದಾರೆಂಬುದು ಬೇರೆ ಮಾತು.

ಇವುಗಳಲ್ಲದೆ ಅಳೆಯುವ ಜಾಗದ ಪ್ರಶ್ನೆಯೊಂದಿದೆ. ಯಂತ್ರದ ದಂಡದ ಬಳಿ ಅಳೆದರೆ ಬರುವ ಸಂಖ್ಯೆ ದೊಡ್ಡದು. ಹಲ್ಲುಚಕ್ರ, ಸರಪಳಿಗಳು ತಮ್ಮ ಸುಂಕ ವಸೂಲು ಮಾಡಿದ ಮೇಲೆ ಹಿಂದಿನ ಗಾಲಿಯ ಬಳಿ ದೊರೆಯುವುದು ಚಿಕ್ಕದು. ಸೈಲೆನ್ಸರು, ಡೈನಮೊಗಳನ್ನು ಬಿಚ್ಚಿಟ್ಟು ಅಳೆದರೆ ಇನ್ನೂ ದೊಡ್ಡದು.

ಈಗ ಯೂರೋಪಿನ ಪರವಾನಗಿ ನಿಯಮಗಳು ಕುದುರೆಯನ್ನು ಬಿಟ್ಟು ಕಿಲೋವಾಟಿನಲ್ಲಿ ಮಾತನಾಡುತ್ತವೆ. ಅಲ್ಲಿ ಮಧ್ಯಮ ವರ್ಗದ ಪರವಾನಗಿಗೆ ಮಿತಿ 35 ಕಿಲೋವಾಟ್. ಅದಕ್ಕೆ ಹೊಂದುವಂತೆ ದೊಡ್ಡ ಗಾಡಿಗಳನ್ನು ಪಳಗಿಸಿ ಮಾರುವ ಪದ್ಧತಿ ಇಂದಿಗೂ ಇದೆ. ಮಾನ ಒಂದಾದರೂ ಸಂಖ್ಯೆಗಳ ಭೇದ ಉಳಿಯಿತು. ಏಕೆಂದರೆ ಭೇದಕ್ಕೆ ಮಾನವೊಂದೇ ಕಾರಣವಾಗಿರಲಿಲ್ಲ. ವ್ಯಾಪಾರಿ, ತೆರಿಗೆಯವನು, ವಿಮೆಯವನು, ಪೆಟ್ರೋಲಿನ ಬೆಲೆ, ಇವೆಲ್ಲ ಸೇರಿ ಆ ಅಂಕಿಯನ್ನು ಬರೆಯುತ್ತವೆ. ಆದಕಾರಣ ಗಾಡಿ ಕೊಳ್ಳಹೋಗುವವರು ಎಷ್ಟು ಕುದುರೆ ಎಂದು ಕೇಳಿ ಸುಮ್ಮನಾಗಬಾರದು. ಯಾವ ದೇಶದ ಕುದುರೆ, ಅದನ್ನು ಎಲ್ಲಿ ಅಳೆದರು, ಯಾರಿಗಾಗಿ ಪಳಗಿಸಿದರು ಎಂಬುದನ್ನೂ ವಿಚಾರಿಸುವುದು ಒಳ್ಳೆಯದು.